ಕೊಳ್ಳುವವರಿಲ್ಲದ ನೀರಿನ ಅಳತೆ

ಬೆಳಗಿನ ಹೊತ್ತು ಪೆಟ್ರೋಲ್ ಬಂಕಿನ ಮುಂದೆ ಹಾದುಹೋಗುವಾಗ ನಮ್ಮಲ್ಲಿ ಅನೇಕರು ಈ ದೃಶ್ಯವನ್ನು ಕಂಡಿರಬಹುದು. ನೌಕರನೊಬ್ಬ ನೆಲದ ಮೇಲಿನ ಸಣ್ಣ ಮುಚ್ಚಳವನ್ನು ತೆರೆದು, ಉದ್ದನೆಯ ಲೋಹದ ಕೋಲಿನ ತುದಿಗೆ ಒಂದಿಷ್ಟು ಲೇಪ ಬಳಿದು, ಅದನ್ನು ನೆಲದಡಿಯ ಟ್ಯಾಂಕಿಗೆ ಇಳಿಬಿಡುತ್ತಾನೆ. ಮೇಲೆತ್ತಿದಾಗ ಕೋಲು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅದು ಪೆಟ್ರೋಲಿನ ಮಟ್ಟ; ಲೇಪ ಎಲ್ಲಿಯವರೆಗೆ ಬಣ್ಣ ಬದಲಿಸಿದೆಯೋ ಅದು ತಳದಲ್ಲಿ ಸೇರಿಕೊಂಡ ನೀರಿನ ಮಟ್ಟ. ಮುಂಬೈಯಾಗಲಿ ಹೈದರಾಬಾದಾಗಲಿ, ಎಲ್ಲ ಕಡೆಯೂ ಇದೇ ಕೋಲು, ಇದೇ ಲೇಪ. ಬಂಕಿನಲ್ಲಿ ಆ ನೀರು ಬೆರಳಗಲ ಇದ್ದರೂ ತಕರಾರು. ಆದರೆ ಎಣ್ಣೆ ಹುಟ್ಟುವ ಬಾವಿಗಳ ಬಳಿ ಲೆಕ್ಕ ತಿರುಗುಮುರುಗು: ಅಲ್ಲಿ ನೀರೇ ಹೆಚ್ಚು, ಎಣ್ಣೆಯೇ ಕಡಿಮೆ. ಆ ನೀರನ್ನು ತುಂಬಿಡುವ ಟ್ಯಾಂಕುಗಳೊಳಗೆ ಎಷ್ಟಿದೆ ಎಂದು ತಿಳಿಯಲು ಮನುಷ್ಯ ಪಟ್ಟ ಪಾಡು, ಮತ್ತು ಅದನ್ನು ತಿಳಿಯುವ ಗೋಜಿಗೇ ಹೋಗದ ಅವನ ಉದಾಸೀನ, ಇವೆರಡೂ ಬೆರೆತ ಚರಿತ್ರೆಯೊಂದನ್ನು ಇಲ್ಲಿ ನೋಡೋಣ.

ಕತೆಯ ಆರಂಭದಲ್ಲಿ ಎಣ್ಣೆಯೇ ಕಸವಾಗಿತ್ತು ಎಂಬುದು ಸೋಜಿಗ. ಅಮೆರಿಕದ ಇಂದಿನ ಪಶ್ಚಿಮ ವರ್ಜೀನಿಯದ ಕನಾವಾ ನದಿಯ ದಂಡೆಯಲ್ಲಿ ರಫ್ನರ್ ಸಹೋದರರು 1808ರಲ್ಲಿ ಬಂಡೆ ಕೊರೆದು ಉಪ್ಪುನೀರಿನ ಬಾವಿ ತೆಗೆದರು. ಆ ನೀರನ್ನು ಕಾಯಿಸಿ ಉಪ್ಪು ಮಾಡುವುದು ಅವರ ಕಸುಬು. ಅಲ್ಲಿನ ಅನೇಕ ಬಾವಿಗಳಲ್ಲಿ ನೀರಿನೊಡನೆ ಒಂದಿಷ್ಟು ಕಪ್ಪು ಜಿಡ್ಡೂ ಬರುತ್ತಿತ್ತು. ತೊಟ್ಟಿಯಲ್ಲಿ ನಿಂತ ನೀರಿನ ಮೇಲೆ ಅದು ತೇಲಿದಾಗ ಉಪ್ಪಿನವರು ಅದನ್ನು ತೆಗೆದು ನದಿಗೆ ಬಿಡುತ್ತಿದ್ದರು. ನದಿಯ ಮೈಯೆಲ್ಲ ಜಿಡ್ಡಾಗಿ, ದೋಣಿಯವರು ಅದನ್ನು ‘ಮುದಿ ಜಿಡ್ಡಿ’ ಎಂಬ ಅರ್ಥದ ಅಡ್ಡಹೆಸರಿನಿಂದ ಕರೆಯುತ್ತಿದ್ದರಂತೆ. ಪೆನ್ಸಿಲ್ವೇನಿಯದ ಟಾರೆಂಟಮ್ ಎಂಬಲ್ಲಿ ಸ್ಯಾಮ್ಯುಯೆಲ್ ಕಿಯರ್ ಎಂಬ ಜಾಣ ತನ್ನ ಉಪ್ಪಿನ ಬಾವಿಗಳ ಈ ಕಸವನ್ನು ಶೀಶೆಗೆ ತುಂಬಿ ಸರ್ವರೋಗಗಳಿಗೂ ಮದ್ದೆಂದು ಮಾರಿದ. ಮುಂದೆ ಅದೇ ಎಣ್ಣೆಯನ್ನು ಬಟ್ಟಿಯಿಳಿಸಿ ದೀಪಕ್ಕೂ ಬಳಸಿದ.

1859ರಲ್ಲಿ ಟೈಟಸ್‌ವಿಲ್ಲಿನಲ್ಲಿ ಎಡ್ವಿನ್ ಡ್ರೇಕ್ ತೈಲಕ್ಕೆಂದೇ ಬಾವಿ ಕೊರೆಸಿದಾಗ ಕೊರೆಯಲು ಕರೆದದ್ದು ಉಪ್ಪಿನ ಬಾವಿಗಳ ಕೆಲಸ ಬಲ್ಲ ವಿಲಿಯಂ ಸ್ಮಿತ್‌ನನ್ನು. ಎಲ್ಲರ ಬಾಯಲ್ಲಿ ಅವನು ‘ಬಿಲ್ಲಿ ಮಾವ’. ಆಗಸ್ಟ್ 27ರ ಶನಿವಾರ 69 ಅಡಿ ದಾಟಿದ ಮೇಲೆ ಕೆಲಸ ನಿಂತಿತು. ಮರುದಿನ ಭಾನುವಾರ ಸ್ಮಿತ್ ಬಂದು ಕೊಳವೆಯೊಳಗೆ ಇಣುಕಿದ. ಕೆಲವೇ ಅಡಿಗಳ ಕೆಳಗೆ ಏನೋ ಮಿನುಗುತ್ತಿತ್ತು. ಮಳೆನೀರಿನ ತಗಡಿನ ಕೊಳವೆಯ ಒಂದು ತುಂಡಿಗೆ ಒಂದು ಬದಿ ಮುಚ್ಚಿ, ಇಳಿಬಿಟ್ಟು, ಎತ್ತಿ ನೋಡಿದ: ಎಣ್ಣೆ. ತೈಲೋದ್ಯಮದ ಜನನವೆಂದು ಈ ಘಟನೆಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮಗೆ ಅದರಲ್ಲಿ ಕಾಣುವುದು ಇನ್ನೊಂದು: ಬಾಯಿಯ ಬಳಿ ಬಗ್ಗಿ, ಕಣ್ಣಿಂದ ಮಟ್ಟ ನೋಡಿ, ಪಾತ್ರೆ ಇಳಿಸಿ ಮಾದರಿ ಎತ್ತುವ ಆ ಭಂಗಿ. ಮುಂದಿನ ನೂರೈವತ್ತು ವರ್ಷ ತೈಲಕ್ಷೇತ್ರದ ಕೂಲಿಯಾಳು ಅದೇ ಭಂಗಿಯಲ್ಲಿ ನಿಂತ.

ಅಂದಿನಿಂದ ಎಣ್ಣೆ ಸರಕಾಯಿತು, ಉಪ್ಪುನೀರು ಕಸವಾಯಿತು. ಸರಕಾದ ಮೇಲೆ ಅಳತೆಗೆ ಶಿಸ್ತು ಬಂತು. 1866ರಲ್ಲಿ ಪೆನ್ಸಿಲ್ವೇನಿಯದ ಉತ್ಪಾದಕರು ಪೀಪಾಯಿಗೆ 40 ಗ್ಯಾಲನ್, ಸೋರಿಕೆಯ ಬಾಬ್ತು ಕೊಳ್ಳುವವನಿಗೆ ಮೇಲೆ 2 ಗ್ಯಾಲನ್ ಎಂದು ಒಪ್ಪಿಕೊಂಡರು. 42 ಗ್ಯಾಲನ್ ಎಂಬುದು ಇಂಗ್ಲೆಂಡಿನ ಮದ್ಯದ ವ್ಯಾಪಾರದಲ್ಲಿ ‘ಟಿಯರ್ಸ್’ ಎಂಬ ಹಳೆಯ ಪೀಪಾಯಿಯ ಅಳತೆಯೂ ಹೌದು; ಅಮೆರಿಕದ ಗ್ಯಾಲನ್ ಕೂಡ ರಾಣಿ ಆ್ಯನ್‌ಳ ಕಾಲದ ಮದ್ಯದ ಗ್ಯಾಲನ್ನೇ. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಕಚ್ಚಾತೈಲದ ಬೆಲೆಯ ಸುದ್ದಿ ಕೇಳಿದಾಗಲೆಲ್ಲ ಶೇಕ್ಸ್‌ಪಿಯರನ ಫಾಲ್‌ಸ್ಟಾಫ್ ನೆನಪಾಗುವುದು ಇದೇ ಕಾರಣಕ್ಕೆ. ಪೀಪಾಯಿ ಹೋಗಿ ಟ್ಯಾಂಕು ಬಂದ ಮೇಲೆ ಅದರ ಸುತ್ತಳತೆಯನ್ನು ಸೊಂಟಪಟ್ಟಿಯಂತೆ ಉಕ್ಕಿನ ಪಟ್ಟಿ ಸುತ್ತಿ ತೆಗೆದು, ಅಂಗುಲಕ್ಕೆ ಎಷ್ಟು ಪೀಪಾಯಿ ಎಂಬ ಕೋಷ್ಟಕ ತಯಾರಿಸಿದರು. 12 ಅಡಿ ವ್ಯಾಸದ, 20 ಅಡಿ ಎತ್ತರದ 400 ಪೀಪಾಯಿಯ ಟ್ಯಾಂಕಿನಲ್ಲಿ ಒಂದು ಅಂಗುಲವೆಂದರೆ ಸುಮಾರು 267 ಲೀಟರ್. ಕಾಲು ಅಂಗುಲ ತಪ್ಪಿದರೂ ಯಾರದೋ ಜೇಬಿಗೆ ಕತ್ತರಿ. ಆದ್ದರಿಂದ ಏಣಿ ಹತ್ತಿ, ಮುಚ್ಚಳ ತೆರೆದು, ಹಿತ್ತಾಳೆಯ ಗುಂಡು ಕಟ್ಟಿದ ಅಳತೆಪಟ್ಟಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಒದ್ದೆಯ ಗೆರೆ ಓದಬೇಕು. ಬೇಕಾದ ಆಳದಿಂದ ಮಾದರಿ ಎತ್ತುವ ಕೊಳವೆಯನ್ನು ಇಳಿಸಬೇಕು. ಆ ಕೊಳವೆಗೆ ಅಲ್ಲಿ ‘ಥೀಫ್’, ಅಂದರೆ ಕಳ್ಳ, ಎಂದು ಹೆಸರು. ಮದ್ಯದ ನೆಲಮಾಳಿಗೆಯಲ್ಲಿ ರುಚಿ ನೋಡಲು ಪೀಪಾಯಿಗೆ ಇಳಿಸುವ ಕೊಳವೆಗೂ ಅದೇ ಹೆಸರುಂಟು. ಟ್ಯಾಂಕಿನ ಮೇಲಿನ ಕಿಂಡಿಯೂ ಹಾಗಾಗಿ ‘ಕಳ್ಳಕಿಂಡಿ’.

ಪಕ್ಕದಲ್ಲೇ ನಿಂತ ನೀರಿನ ಟ್ಯಾಂಕಿಗೆ ಈ ಯಾವ ಮರ್ಯಾದೆಯೂ ಇರಲಿಲ್ಲ. ಬಹುಕಾಲ ಟ್ಯಾಂಕೇ ಇರಲಿಲ್ಲವೆನ್ನಬೇಕು. ನೆಲದಲ್ಲಿ ತೋಡಿದ ಗುಂಡಿ, ಇಲ್ಲವೇ ಹತ್ತಿರದ ಹಳ್ಳ. 1930ರ ಅಕ್ಟೋಬರಿನಲ್ಲಿ ಪೂರ್ವ ಟೆಕ್ಸಾಸಿನ ಮಹಾಕ್ಷೇತ್ರ ಸಿಕ್ಕಿತು. ಎಣ್ಣೆ ಎತ್ತಿದಷ್ಟೂ ಪಶ್ಚಿಮದ ಕಡೆಯಿಂದ ಉಪ್ಪುನೀರು ಬಾವಿಗಳೊಳಗೆ ಸರಿದುಬಂತು. ಅದನ್ನು ಹಳ್ಳಗಳಿಗೆ ಬಿಟ್ಟರು. ಹಳ್ಳಗಳು ಅದನ್ನು ನೆಚಸ್ ಮತ್ತು ಸಬೀನ್ ನದಿಗಳಿಗೆ ಒಯ್ದವು. ಕೊನೆಗೆ ಉತ್ಪಾದಕರೇ ಸೇರಿ 1942ರಲ್ಲಿ ಉಪ್ಪುನೀರಿನ ವಿಲೇವಾರಿಗೆಂದೇ ಕಂಪನಿಯೊಂದನ್ನು ಕಟ್ಟಿ, ನೀರನ್ನು ಟ್ಯಾಂಕುಗಳಲ್ಲಿ ಸಂಗ್ರಹಿಸಿ, ಶುದ್ಧಮಾಡಿ, ಬಂದ ಪದರಕ್ಕೇ ಹಿಂದಕ್ಕೆ ತಳ್ಳತೊಡಗಿದರು. ನದಿಯ ಮೇಲಿನ ಪ್ರೀತಿಯೊಂದೇ ಕಾರಣವಲ್ಲ: ನೀರು ಹಿಂದಿರುಗಿದರೆ ಪದರದ ಒತ್ತಡ ಉಳಿದು ಎಣ್ಣೆ ಹೆಚ್ಚು ಸಿಗುತ್ತಿತ್ತು. ನಮ್ಮ ಮುಂಬೈ ಕಡಲಾಚೆ 1974ರಲ್ಲಿ ಸಿಕ್ಕ ಬಾಂಬೆ ಹೈ ಕ್ಷೇತ್ರದಲ್ಲಿ ಇದೇ ಒತ್ತಡಕ್ಕಾಗಿ ಸಮುದ್ರದ ನೀರನ್ನೇ ಒಳಗೆ ತಳ್ಳುತ್ತಾರೆ. ಟೆಕ್ಸಾಸ್ ರಾಜ್ಯ ಗುಂಡಿಗಳನ್ನು ನಿಷೇಧಿಸಿದ್ದು 1969ರಲ್ಲಿ; ಆ ಬಳಿಕ ಅಲ್ಲಿ ಟ್ಯಾಂಕಿಲ್ಲದೆ ಗತಿಯಿಲ್ಲವಾಯಿತು.

ಟ್ಯಾಂಕು ಬಂದಮೇಲೆ ಅದು ತುಂಬಿ ಹರಿಯುವ ಭಯವೂ ಬಂತು. ಬಾವಿಯ ನೀರು ಕಡಲ ನೀರಿಗಿಂತ ಹಲವು ಪಟ್ಟು ಉಪ್ಪಾಗಿರುವುದುಂಟು. ಹೊಲಕ್ಕೆ ಬಿದ್ದರೆ ಚೆಲ್ಲಿದ ಎಣ್ಣೆಗಿಂತಲೂ ಹೆಚ್ಚುಕಾಲ ನೆಲವನ್ನು ಬರಡಾಗಿಸಬಲ್ಲದು. ಬಾವಿ ಹಗಲೂ ರಾತ್ರಿಯೂ ಸುರಿಸುತ್ತದೆ. ನೀರು ಒಯ್ಯುವ ಲಾರಿ ತನಗೆ ಬಿಡುವಾದಾಗ ಬರುತ್ತದೆ. ಮಟ್ಟ ಗೊತ್ತಿಲ್ಲದವನು ಇವೆರಡನ್ನೂ ಹೊಂದಿಸಲಾರ.

ಉಪಾಯಗಳು ಒಂದೊಂದಾಗಿ ಬಂದವು, ಒಂದೊಂದೂ ಸೋತದ್ದುಂಟು. ಒಳಗೆ ತೇಲುವ ಬುರುಡೆ, ರಾಟೆಯ ಮೇಲಿಂದ ಹಾದುಬಂದ ತಂತಿ, ಹೊರಗೆ ಹಲಗೆಯ ಮೇಲೆ ಮುಳ್ಳು: ಸರಳ ವಿದ್ಯೆ. ಆದರೆ ಮೇಣ ಕಟ್ಟಿದರೆ, ಉಪ್ಪು ಹೆಪ್ಪುಗಟ್ಟಿದರೆ ಬುರುಡೆ ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ, ಮುಳ್ಳು ನಿನ್ನೆಯ ಮಟ್ಟವನ್ನೇ ತೋರಿಸುತ್ತ ನಿಲ್ಲುತ್ತದೆ. ತಳದಲ್ಲಿ ಒತ್ತಡಮಾಪಕ ಕೂರಿಸಿದರೆ ದ್ರವದ ಭಾರದಿಂದ ಎತ್ತರವನ್ನು ಲೆಕ್ಕಹಾಕಬಹುದು. ಆದರೆ ಭಾರ ಸಾಂದ್ರತೆಯನ್ನು ಅವಲಂಬಿಸಿದೆ. ಸಿಹಿನೀರಿನ 1.2 ಪಟ್ಟು ಸಾಂದ್ರವಾದ ಉಪ್ಪುನೀರಿಗೆಂದು ಹೊಂದಿಸಿದ ಮಾಪಕ, ಹಗುರವಾದ ನೀರು ಬಂದ ದಿನ 18 ಅಡಿ ಇರುವುದನ್ನು 15 ಅಡಿ ಎಂದು ಓದೀತು. 20 ಅಡಿಯ ಟ್ಯಾಂಕಿಗೆ ಈ ಸುಳ್ಳು ಅಪಾಯಕಾರಿ. ಶಬ್ದದ ಅಲೆಯನ್ನು ಕಳಿಸಿ ಪ್ರತಿಧ್ವನಿ ಆಲಿಸುವ ಯಂತ್ರಕ್ಕೆ ಆವಿ ಮತ್ತು ನೊರೆಗಳ ಕಾಟ. ರೇಡಾರ್ ಮಾಪಕ 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ತೈಲವಾಹಕ ಹಡಗುಗಳಿಗಾಗಿ ರೂಪುಗೊಂಡು, ನಿಧಾನವಾಗಿ ನೆಲದ ಟ್ಯಾಂಕುಗಳಿಗೂ ಬಂತು. ಅದರ ಒಂದು ಬಗೆಯಲ್ಲಿ ಲೋಹದ ಸರಳಿನ ಗುಂಟ ವಿದ್ಯುತ್ಕಾಂತೀಯ ಮಿಡಿತವನ್ನು ಇಳಿಸುತ್ತಾರೆ. ಎಣ್ಣೆಯ ವಿದ್ಯುತ್ ಗುಣಾಂಕ ಸುಮಾರು 2, ನೀರಿನದು ಸುಮಾರು 80; ಹಾಗಾಗಿ ಮಿಡಿತದ ಸಣ್ಣ ಪಾಲು ಎಣ್ಣೆಯ ಮೈಯಿಂದ ಮರಳಿದರೆ, ಉಳಿದದ್ದು ಒಳಹೊಕ್ಕು ನೀರಿನ ಮೈಯಿಂದ ಜೋರಾಗಿ ಮರಳುತ್ತದೆ. ಎರಡು ಮರುದನಿ, ಎರಡು ಮಟ್ಟ. ಲೇಪ ಬಳಿದ ಕೋಲಿನ ಕೆಲಸವನ್ನೇ ಮುಚ್ಚಳ ತೆರೆಯದೆ ಮಾಡಿದಂತಾಯಿತು. ಎಣ್ಣೆ ನೀರುಗಳು ಮಜ್ಜಿಗೆಯಂತೆ ಕಲಸಿಕೊಂಡ ನಡುಪದರ ದಪ್ಪವಾದಾಗ ಮಾತ್ರ ಅದೂ ತಡವರಿಸುತ್ತದೆ.

ಮುಚ್ಚಳ ತೆರೆಯದೆ ಎಂಬುದೇ ಇಲ್ಲಿ ಮುಖ್ಯ. ಭೂಗರ್ಭದ ಒತ್ತಡದಿಂದ ಹೊರಬಂದ ದ್ರವದಲ್ಲಿ ಪ್ರೋಪೇನ್, ಬ್ಯೂಟೇನ್‌ನಂಥ ಅನಿಲಗಳು ಕರಗಿರುತ್ತವೆ. ಸೋಡಾ ಬಾಟಲಿಯ ಬಿರಡೆ ತೆಗೆದಂತೆ, ಟ್ಯಾಂಕಿಗೆ ಬಂದೊಡನೆ ಅವು ಬಿಡುಗಡೆಯಾಗುತ್ತವೆ. ಗಾಳಿಗಿಂತ ಭಾರವಾದ ಈ ಆವಿ, ಕಿಂಡಿ ತೆರೆದವನ ಮುಖಕ್ಕೇ ಬಡಿದು ಆಮ್ಲಜನಕವನ್ನು ಬದಿಗೊತ್ತುತ್ತದೆ, ಹೃದಯದ ಲಯ ಕೆಡಿಸುತ್ತದೆ. ನೀರಿನ ಟ್ಯಾಂಕಿನ ಮೇಲೂ ಎಣ್ಣೆಯ ಪದರ ತೇಲುತ್ತಿರುವುದರಿಂದ ಅದೂ ಸಾಧುವಲ್ಲ. 2010ರಿಂದ 2014ರ ನಡುವೆ ಅಮೆರಿಕದ ಉತ್ಪಾದನಾ ಟ್ಯಾಂಕುಗಳ ಬಳಿ ಮಟ್ಟ ಅಳೆಯುವಾಗ ಅಥವಾ ಮಾದರಿ ತೆಗೆಯುವಾಗ ಒಂಬತ್ತು ಮಂದಿ ಸತ್ತರೆಂದು ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುರುತಿಸಿತು. ಒಬ್ಬರೇ ಕೆಲಸಮಾಡುತ್ತಿದ್ದವರು, ಕಿಂಡಿಯ ಬಳಿ ಕುಸಿದು ಸಿಕ್ಕವರು, ಇಪ್ಪತ್ತರ ಆಸುಪಾಸಿನವರೂ ಇದ್ದರು. ಕೆಲವು ಸಾವುಗಳನ್ನು ಮೊದಲಿಗೆ ಹೃದ್ರೋಗದ ಲೆಕ್ಕಕ್ಕೆ ಬರೆದಿದ್ದರು. ಬಿಡಿಬಿಡಿಯಾಗಿದ್ದ ಕಡತಗಳನ್ನು ಒಟ್ಟಿಗೆ ಇಟ್ಟು ಓದಿದಾಗಲೇ ಏಣಿ ಮತ್ತು ಕಿಂಡಿ ಎಲ್ಲದರಲ್ಲೂ ಇವೆಯೆಂದು ಗೊತ್ತಾದದ್ದು. ಸರ್ಕಾರಿ ಕಡತಗಳ ನಡುವೆಯೇ ದಿನ ಕಳೆಯುವ ನಮಗೆ ಈ ಮಾತು ಸುಲಭವಾಗಿ ಅರಗುವುದಿಲ್ಲ.

ಯಂತ್ರವಿದ್ದೂ ಏಣಿ ಏಕೆ ಹತ್ತುತ್ತಿದ್ದರು? ನಿಯಮವೇ ಹಾಗಿತ್ತು. ಸಂಯುಕ್ತ ಸರ್ಕಾರದ ಭೂಮಿಯಲ್ಲಿ ಸಿಕ್ಕ ತೈಲಕ್ಕೆ 1989ರ ಆದೇಶ ಒಪ್ಪಿದ ವಿಧಾನಗಳು ಎರಡೇ: ದುಬಾರಿಯ ಸ್ವಯಂಚಾಲಿತ ಮಾಪಕ ಘಟಕ, ಇಲ್ಲವೇ ಕಿಂಡಿ ತೆರೆದು ಕೈಯಳತೆ. ಮಾರುವವನಿಗೂ ಕೊಳ್ಳುವವನಿಗೂ ಮೋಸವಾಗದಿರಲೆಂದು ಬರೆದ ನಿಯಮದಲ್ಲಿ ಅಳೆಯುವವನ ಉಸಿರಿಗೆ ಕಲಮು ಇರಲಿಲ್ಲ. ಎಣ್ಣೆಗೆ ಅಭ್ಯಾಸವಾದ ಕೈಯಳತೆ ನೀರಿಗೂ ರೂಢಿಯಾಗಿಯೇ ಉಳಿಯಿತು. ಮಾರಾಟಕ್ಕಿಲ್ಲದ ದ್ರವಕ್ಕೆ ದುಬಾರಿ ಯಂತ್ರ ಯಾರು ತಂದಾರು? 2016ರಲ್ಲಿ ಅಪಾಯದ ಎಚ್ಚರಿಕೆ ಹೊರಬಿತ್ತು, ಕಿಂಡಿ ತೆರೆಯದೆ ಅಳೆಯುವ ವಿಧಾನಗಳಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಮಾನದಂಡ ಬಂತು, ಸರ್ಕಾರದ ನಿಯಮವೂ ಬದಲಾಯಿತು.

ಅಳೆಯದ ನೀರು ಎಷ್ಟು ದೂರ ಹೋದೀತು ಎಂಬುದಕ್ಕೆ ಉತ್ತರ ಡಕೋಟಾದ ಬ್ಲ್ಯಾಕ್‌ಟೇಲ್ ಹಳ್ಳ ಸಾಕ್ಷಿ. ಉಪ್ಪುನೀರು ಒಯ್ಯುವ ಕೊಳವೆಯೊಂದು 2014ರ ಆಗಸ್ಟಿನಲ್ಲಿ ಒಡೆದು, 143 ದಿನ ಸೋರಿ, 2015ರ ಜನವರಿಯಲ್ಲಷ್ಟೇ ಪತ್ತೆಯಾಯಿತು. ಮೊದಲು ಹೇಳಿದ್ದು 70,000 ಪೀಪಾಯಿ. ನ್ಯಾಯಾಲಯದವರೆಗೆ ಹೋದ ಮೇಲೆ ಒಪ್ಪಿದ್ದು 7,00,000ಕ್ಕೂ ಮಿಕ್ಕಿ. ಒಂದು ತುದಿಯಲ್ಲಿ ಕಳಿಸಿದ್ದೆಷ್ಟು, ಇನ್ನೊಂದು ತುದಿಯಲ್ಲಿ ತಲುಪಿದ್ದೆಷ್ಟು ಎಂದು ನಿತ್ಯವೂ ತಾಳೆ ನೋಡಿದ್ದರೆ ಇಷ್ಟು ದಿನ ಬೇಕಾಗುತ್ತಿರಲಿಲ್ಲ. ಅಷ್ಟು ಎಣ್ಣೆ ಕಾಣೆಯಾಗಿದ್ದರೆ ಮರುದಿನವೇ ಹುಯಿಲೆದ್ದಿರುತ್ತಿತ್ತು.

ಈಗ ಅನೇಕ ಕಡೆ ಮಟ್ಟದ ಅಂಕಿಗಳು ಕೈಯ ಫೋನಿಗೇ ಬರುತ್ತವೆ, ಮಿತಿ ದಾಟಿದರೆ ಪಂಪು ತಾನೇ ನಿಲ್ಲುತ್ತದೆ. ಆದರೂ ರೇಡಾರ್ ಹೇಳುವುದು ನಿಜವೇ ಎಂದು ಆಗಾಗ ಒರೆಗೆ ಹಚ್ಚಬೇಕು. ಅದಕ್ಕೆ ಯಾರಾದರೂ ಮೇಲೆ ಹೋಗಲೇಬೇಕು. ಹೋಗುವವನ ಕೊರಳಪಟ್ಟಿಯ ಬಳಿ ಈಗ ಅನಿಲಸೂಚಕವಿರುತ್ತದೆ, ಕೆಳಗೆ ಜೊತೆಗಾರನಿರುತ್ತಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಂತು, ಅವನು ಕಿಂಡಿ ತೆರೆದು ಒಂದಿಷ್ಟು ಹೊತ್ತು ದೂರ ಸರಿಯುತ್ತಾನೆ. ಆಮೇಲೆ ಹಿತ್ತಾಳೆಯ ಗುಂಡಿಗೆ ಲೇಪ ಬಳಿದು ಇಳಿಬಿಡುತ್ತಾನೆ.