ಬಾಳೆಯ ಸೊರಗು, ಹುಳುವಿನ ಸುಣ್ಣ, ಮನುಷ್ಯನ ಕ್ಷಯ

ಟಿ. ನರಸೀಪುರದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕಿದ ಮನೆಯವರನ್ನು ಕೇಳಿ ನೋಡಿ. ಹಾಲುತೊಂಡೆ, ಸಪ್ಪೆ, ಗಂಟುರೋಗ, ಸುಣ್ಣಕಟ್ಟು ಎಂದು ಹುಳುವಿನ ಕಾಯಿಲೆಗಳನ್ನು ಬೆರಳು ಮಡಿಚಿ ಎಣಿಸುತ್ತಾರೆ. ಇವುಗಳಲ್ಲಿ ಸುಣ್ಣಕಟ್ಟನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮಳೆ ಚಳಿ ಕೂಡಿದ ದಿನಗಳಲ್ಲಿ, ಇನ್ನೇನು ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡಬೇಕು ಎನ್ನುವಾಗ, ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಹುಳು ಸೊಪ್ಪು ಬಿಟ್ಟು ಬಿದ್ದುಕೊಳ್ಳುತ್ತದೆ. ಸತ್ತ ಮೇಲೆ ಅದು ಕೊಳೆಯುವುದಿಲ್ಲ, ಗಟ್ಟಿಯಾಗುತ್ತದೆ. ಒಂದೆರಡು ದಿನದಲ್ಲಿ ಮೈತುಂಬ ಬಿಳಿ ಪುಡಿ. ಹಿಡಿದು ಬಗ್ಗಿಸಿದರೆ ಸೀಮೆಸುಣ್ಣದ ತುಂಡಿನಂತೆ ಮುರಿಯುತ್ತದೆ.

ನನ್ನ ತಾಯಿಯ ತವರು ಆ ಕಡೆಯದೇ. ನನ್ನ ಖಾಲಾ, ಎಂದರೆ ತಾಯಿಯ ಅಕ್ಕ, ಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಅವರ ಬೆರಳುಗಳು, ಸೀರೆಯಿಂದ ಎಂದೂ ಹೋಗದ ಬೆಂದ ಗೂಡಿನ ವಾಸನೆ ನನಗೆ ಈಗಲೂ ನೆನಪಿದೆ. ಆಮೇಲೆ ಅವರಿಗೆ ಕೆಮ್ಮು ಬಂತು. ಆ ಮಾತಿಗೆ ಮುಂದೆ ಬರುತ್ತೇನೆ.

ಮೈಸೂರು ಸೀಮೆಗೆ ರೇಷ್ಮೆ ಕೃಷಿ ತಂದವನು ಟಿಪ್ಪು ಸುಲ್ತಾನ್ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. 1780ರ ದಶಕದಲ್ಲಿ ಅವನು ಬಂಗಾಳಕ್ಕೆ ಜನರನ್ನು ಕಳಿಸಿ ಹುಳುವನ್ನು ತರಿಸಿದ. ಅವನು ತೀರಿಕೊಂಡ ಮೂವತ್ತಾರು ವರ್ಷಕ್ಕೆ, 1835ರಲ್ಲಿ, ಇಟಲಿಯ ಲೋದಿ ಎಂಬ ಊರಿನ ಕಡೆಯ ಅಗೊಸ್ಟಿನೊ ಬಾಸ್ಸಿ ಒಂದು ಪುಸ್ತಕ ಪ್ರಕಟಿಸಿದ. ಬಾಸ್ಸಿ ಕಾನೂನು ಓದಿದವನು. ಕಣ್ಣು ಮಂದವಾಗಿ ಸರಕಾರಿ ಕೆಲಸ ಬಿಟ್ಟು ಹೊಲಕ್ಕೆ ಮರಳಿದವನು. ಆ ಮಂದಗಣ್ಣಿನಲ್ಲೇ ಎರಡು ದಶಕಕ್ಕೂ ಮೀರಿ ರೇಷ್ಮೆ ಹುಳುವಿನ ಒಂದು ರೋಗದ ಹಿಂದೆ ಬಿದ್ದಿದ್ದ. ಆ ರೋಗಕ್ಕೆ ಅಲ್ಲಿಯ ರೈತರು ಇಟ್ಟ ಹೆಸರು ಕಾಲ್ಚಿನೊ. ಇಟಲಿಯ ಮಾತಿನಲ್ಲಿ ಕಾಲ್ಚೆ ಎಂದರೆ ಸುಣ್ಣ! ಒಬ್ಬರನ್ನೊಬ್ಬರು ಕಾಣದ ಎರಡು ನಾಡಿನ ಹುಳು ಸಾಕುವವರು ಒಂದೇ ಹೆಸರು ಕೊಟ್ಟಿದ್ದರು.

ಹುಳುವಿನ ಮೈಮೇಲಿನ ಬಿಳಿ ಪುಡಿ ರೋಗದ ಫಲ ಮಾತ್ರವಲ್ಲ, ರೋಗದ ಬೀಜವೂ ಹೌದು, ಅದು ಜೀವವಿರುವ ಒಂದು ಶಿಲೀಂಧ್ರ, ಸತ್ತ ಹುಳುವಿನಿಂದ ಆರೋಗ್ಯವಂತ ಹುಳುವಿಗೆ ದಾಟುತ್ತದೆ ಎಂದು ಬಾಸ್ಸಿ ತೋರಿಸಿದ. ಪ್ರಾಣಿಯೊಂದರ ಕಾಯಿಲೆಗೆ ಕಣ್ಣಿಗೆ ಕಾಣದ ಜೀವಿ ಕಾರಣವೆಂದು ಪ್ರಯೋಗದಿಂದ ಸಾಬೀತಾದದ್ದು ಅದೇ ಮೊದಲು. ಆ ಶಿಲೀಂಧ್ರಕ್ಕೆ ಇಂದು ಬ್ಯುವೇರಿಯಾ ಬಾಸ್ಸಿಯಾನಾ ಎಂದು ಅವನದೇ ಹೆಸರು. ಪಾಶ್ಚರ್ ಮತ್ತು ಕಾಕ್ ಅವರ ಕೀರ್ತಿಯ ನೆರಳಿನಲ್ಲಿ ಈ ಮನುಷ್ಯ ಮರೆಯಾದ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯವನ್ನು ತೋರಿಸಿದಾಗ, ಆ ದಾರಿಯ ಮೊದಲ ಹೆಜ್ಜೆ ಒಂದು ಹುಳು ಸಾಕುವ ಮನೆಯಲ್ಲಿ ಬಿದ್ದಿತ್ತು ಎಂಬುದನ್ನು ಎಷ್ಟು ಜನ ನೆನೆದರೋ!

ಇನ್ನು ಕಪಿಲೆಯ ದಡದ ನಂಜನಗೂಡಿಗೆ ಬನ್ನಿ. ನಂಜನ್ನು ಉಂಡ ದೇವರ ಊರು. ಟಿಪ್ಪುವಿನ ಪಟ್ಟದ ಆನೆಗೆ ಇಲ್ಲಿ ಕಣ್ಣು ಬಂತೆಂದೂ, ಅದಕ್ಕೆ ಅವನು ಪಚ್ಚೆಯ ಲಿಂಗ ಒಪ್ಪಿಸಿ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಪ್ರತೀತಿ. ನಮ್ಮ ಮನೆಗಳಲ್ಲಿ ಹಿರಿಯರು ಈ ಹೆಸರನ್ನು ಯಾವ ಮುಜುಗರವೂ ಇಲ್ಲದೆ ಹೇಳುತ್ತಿದ್ದರು. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದದ್ದೂ ಇದೇ ಊರಿನಲ್ಲಿ. ಅದರ ಹಲ್ಲುಪುಡಿಯ ರುಚಿ ನನ್ನ ತಲೆಮಾರಿನ ನಾಲಿಗೆಗೆ ಇನ್ನೂ ಗೊತ್ತು. ಹಕೀಮನ ಊರು, ಪಂಡಿತರ ಊರು, ಜೊತೆಗೆ ರಸಬಾಳೆಯ ಊರು.

ಆ ರಸಬಾಳೆಗೆ ಬಂದ ನಂಜನ್ನು ಮಾತ್ರ ಯಾವ ಹಕೀಮನೂ ಇಳಿಸಲಿಲ್ಲ. ಗಿಡದ ಕೆಳಗಿನ ಎಲೆ ಅಂಚಿನಿಂದ ಹಳದಿಯಾಗುತ್ತದೆ, ತೊಟ್ಟು ಮುರಿದು ದಿಂಡಿನ ಸುತ್ತ ಜೋತುಬೀಳುತ್ತದೆ, ದಿಂಡು ಕೊಯ್ದರೆ ಒಳಗೆ ಕೆಂಗಂದು ಬಣ್ಣದ ಉಂಗುರ. ಪನಾಮಾ ಸೊರಗು ರೋಗ. ಕಾರಣ ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರ. ಬೇರಿನಿಂದ ಹತ್ತಿ ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ, ಗಿಡ ಹೋದ ಮೇಲೂ ದಶಕಗಳ ಕಾಲ ಮಣ್ಣಿನಲ್ಲಿ ಕಾದಿರುತ್ತದೆ. ಮಧ್ಯ ಅಮೆರಿಕದ ಗ್ರೋ ಮಿಶೆಲ್ ಬಾಳೆಯ ತೋಟಗಳನ್ನು 1950ರ ದಶಕದ ಹೊತ್ತಿಗೆ ಮುಗಿಸಿದ್ದು ಇದೇ. ದೇವರಸನಹಳ್ಳಿಯಂಥ ಊರುಗಳಲ್ಲಿ ಹೆಸರು ಮಾಡಿದ್ದ ರಸಬಾಳೆ ಬರಬರುತ್ತ ಕೆಲವೇ ತೋಟಗಳಿಗೆ ಇಳಿಯಿತು. ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದಾಗ ತೋರಿಸಲು ಹಣ್ಣೇ ಕಡಿಮೆಯಾಗಿತ್ತು.

ಹೀಗೆ ಪಕ್ಕಪಕ್ಕದ ಎರಡು ತಾಲ್ಲೂಕುಗಳಲ್ಲಿ ಎರಡು ಶಿಲೀಂಧ್ರಗಳು ಬಡವರ ಹೊಟ್ಟೆಯ ಮೇಲೆ ಹೊಡೆದವು. ಇವೆರಡರ ಹೆಸರನ್ನು ಕ್ಷಯದ ಚರ್ಚೆಯಲ್ಲಿ ಓದಿದಾಗ ನನಗೆ ಆಶ್ಚರ್ಯವಾಗದೆ ಇರುತ್ತದೆಯೇ? 1969ರಲ್ಲಿ ಬ್ಯುವೇರಿಯಾದಿಂದ ಬೇರ್ಪಡಿಸಿದ ಒಂದು ರಾಸಾಯನಿಕಕ್ಕೆ ಬ್ಯುವೆರಿಸಿನ್ ಎಂದು ಹೆಸರಾಯಿತು. ಅದನ್ನೇ ಫ್ಯುಸೇರಿಯಂ ಕುಲದ ಹಲವು ಪ್ರಭೇದಗಳೂ ಮಾಡುತ್ತವೆ ಎಂದು ಆಮೇಲೆ ತಿಳಿಯಿತು. 2000ದಲ್ಲಿ ಥಾಯ್ಲೆಂಡಿನ ವಿಜ್ಞಾನಿಗಳು, ಕೀಟಗಳನ್ನು ಕೊಲ್ಲುವ ಇನ್ನೊಂದು ಶಿಲೀಂಧ್ರದಿಂದ ಪಡೆದ ಬ್ಯುವೆರಿಸಿನ್ ಪ್ರಯೋಗಾಲಯದಲ್ಲಿ ಕ್ಷಯದ ಬ್ಯಾಕ್ಟೀರಿಯದ ಬೆಳವಣಿಗೆ ತಡೆಯುತ್ತದೆಂದು ವರದಿ ಮಾಡಿದರು. ಉಂಗುರದ ಆಕಾರದ ಈ ಅಣು ಪೊಟ್ಯಾಸಿಯಂನಂಥ ಲವಣದ ಕಣಗಳನ್ನು ಹಿಡಿದು ಜೀವಕೋಶದ ಪೊರೆ ದಾಟಿಸಿ, ಒಳಗಿನ ಲೆಕ್ಕವನ್ನೇ ತಪ್ಪಿಸುತ್ತದೆ. ಹಾಗೆಂದು ಸಂಭ್ರಮಿಸಬೇಡಿ. ಅದು ಮನುಷ್ಯನ ಜೀವಕೋಶಕ್ಕೂ ವಿಷವೇ. ಕ್ಷಯದ ಕೀಟಾಣುವನ್ನು ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ. ಹಾಗೆಂದು ಅದನ್ನು ಯಾರೂ ಕುಡಿಯುವುದಿಲ್ಲ.

ಬೂಷ್ಟಿನಿಂದ ಕ್ಷಯಕ್ಕೆ ಮದ್ದು ತೆಗೆಯುವ ಆಸೆ ಇಂದಿನದಲ್ಲ. ಪೆನಿಸಿಲಿನ್‌ಗಿಂತ ಮೊದಲೇ, 1913ರ ಹೊತ್ತಿಗೆ, ಪ್ಯಾರಿಸಿನಲ್ಲಿ ವೊದ್ರಮೇರ್ ಎಂಬ ವೈದ್ಯ ಆಸ್ಪರ್ಜಿಲಸ್ ಬೂಷ್ಟಿನ ಸಾರವನ್ನು ಕ್ಷಯದ ಬ್ಯಾಕ್ಟೀರಿಯದ ಮೇಲೆ ಪ್ರಯೋಗಿಸಿ, ರೋಗಿಗಳಿಗೂ ಕೊಟ್ಟು ನೋಡಿದ್ದ. ನೆಚ್ಚಬಹುದಾದ ಫಲ ಸಿಗಲಿಲ್ಲ. 1928ರಲ್ಲಿ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಕ್ಷಯಕ್ಕೆ ನಾಟಲಿಲ್ಲ. ಈ ಬ್ಯಾಕ್ಟೀರಿಯ ಮೇಣದಂಥ ಕವಚ ಹೊದ್ದಿದೆ, ಪೆನಿಸಿಲಿನ್ನನ್ನು ಕತ್ತರಿಸುವ ಕಿಣ್ವವನ್ನೂ ಇಟ್ಟುಕೊಂಡಿದೆ. ಕೊನೆಗೆ ಮದ್ದು ಬಂದದ್ದು ಮಣ್ಣಿನಿಂದ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ವಾಕ್ಸ್‌ಮನ್ನರ ಶಿಷ್ಯ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದ. ನೊಬೆಲ್ ಗುರುವಿಗೆ ಮಾತ್ರ ಹೋಯಿತು. ಶಿಷ್ಯ ತನ್ನ ಪಾಲಿಗಾಗಿ ಕೋರ್ಟು ಹತ್ತಬೇಕಾಯಿತು. 1957ರಲ್ಲಿ ಫ್ರಾನ್ಸಿನ ಕಡಲತೀರದ ಪೈನ್ ಕಾಡಿನ ಮಣ್ಣು ಇಟಲಿಯ ಮಿಲಾನಿಗೆ ಹೋಗಿ, ಅದರೊಳಗಿನ ಜೀವಿಯಿಂದ ರಿಫಾಮೈಸಿನ್ ಬಂತು, ಅದನ್ನು ತಿದ್ದಿ 1960ರ ದಶಕದಲ್ಲಿ ರಿಫಾಂಪಿಸಿನ್ ಮಾಡಿದರು. ಈ ಎರಡನ್ನೂ ಕೊಟ್ಟವು ಬೂಷ್ಟಿನಂತೆ ಎಳೆ ಬಿಡುವ ಬ್ಯಾಕ್ಟೀರಿಯಗಳು, ನಿಜವಾದ ಶಿಲೀಂಧ್ರಗಳಲ್ಲ.

ಮಣ್ಣನ್ನು ಎಲ್ಲರೂ ಜಾಲಾಡಿದ ಮೇಲೆ ಕಣ್ಣು ಗಿಡದ ಒಳಕ್ಕೆ ಹೊರಳಿತು. ಗಿಡದ ಒಳಗೆ ವಾಸಿಸುವ ಜೀವಿಗಳಿಗೆ ಎಂಡೋಫೈಟ್ ಎಂಬ ಹೆಸರನ್ನು ಜರ್ಮನಿಯ ಡಿ ಬಾರಿ 1866ರಲ್ಲೇ ಕೊಟ್ಟಿದ್ದ. ನಾವು ಒಳಶಿಲೀಂಧ್ರ ಎನ್ನೋಣ. ಬೇವು, ಹೊಂಗೆ, ತೇಗ, ಅಮೃತಬಳ್ಳಿ, ಹುಡುಕಿದ ಗಿಡಗಳಲ್ಲೆಲ್ಲ ಇವು ಇವೆ. ಗಿಡಕ್ಕೆ ಕೇಡು ಮಾಡದೆ ಬಾಡಿಗೆದಾರರಂತೆ ಇರುತ್ತವೆ. ಬಾಳೆ ಕೊಲ್ಲುವ ಫ್ಯುಸೇರಿಯಂನ ಎಷ್ಟೋ ನೆಂಟರು, ಹುಳು ಕೊಲ್ಲುವ ಬ್ಯುವೇರಿಯಾ ಕೂಡ, ಬೇರೆ ಗಿಡಗಳ ಒಳಗೆ ಹೀಗೆಯೇ ಸದ್ದಿಲ್ಲದೆ ಬಾಳುತ್ತವೆ. 2001ರಲ್ಲಿ ಉತ್ತರ ಥಾಯ್ಲೆಂಡಿನ ತೇಗದ ಎಲೆಯೊಂದರ ಒಳಗಿನ ಫೊಮಾಪ್ಸಿಸ್ ಶಿಲೀಂಧ್ರದಿಂದ ಫೊಮಾಕ್ಸಾಂಥೋನ್ ಎಂಬ ವಸ್ತು ಸಿಕ್ಕಿತು. ಮಿಲಿಲೀಟರಿಗೆ ಅರ್ಧ ಮೈಕ್ರೋಗ್ರಾಂ ಹಾಕಿದರೆ ಸಾಕು, ಕ್ಷಯದ ಬ್ಯಾಕ್ಟೀರಿಯದ ಬೆಳವಣಿಗೆ ನಿಲ್ಲುತ್ತಿತ್ತು. ಆ ತೇಗ ನಮ್ಮ ಎಚ್.ಡಿ. ಕೋಟೆಯ ಕಾಡಿನ ತೇಗದ ಜಾತಿಯೇ.

ನಮ್ಮಲ್ಲೂ ಕೆಲಸ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಬೀಜರೋಗ, ಬೆಳೆರೋಗಗಳ ಅಧ್ಯಯನಕ್ಕೆ ಹಳೆಯ ಪರಂಪರೆಯಿದೆ. ಈ ಎರಡು ದಶಕಗಳಲ್ಲಿ ಅಲ್ಲಿ ಔಷಧ ಸಸ್ಯಗಳ ಒಳಶಿಲೀಂಧ್ರಗಳನ್ನೂ ಹುಡುಕಿದ್ದಾರೆ. ವಿಧಾನ ನೋಡಲು ಸರಳ. ಎಲೆಯ ಚೂರನ್ನು ಸ್ಪಿರಿಟ್ಟಿನಲ್ಲೂ ಬ್ಲೀಚ್ ದ್ರಾವಣದಲ್ಲೂ ಅದ್ದಿ ಹೊರಮೈಯ ಜೀವಿಗಳನ್ನೆಲ್ಲ ಕೊಂದು, ಆಲೂಗಡ್ಡೆ ಸಾರದ ಅಗರ್ ಮೇಲೆ ಇಡುತ್ತಾರೆ. ಕೆಲವು ದಿನದಲ್ಲಿ ಚೂರಿನ ಕೊಯ್ದ ಅಂಚಿನಿಂದ ಬಿಳಿ ಎಳೆ ಹೊರಬರುತ್ತದೆ. ಅದನ್ನು ಬೆಳೆಸಿ, ಸಾರ ತೆಗೆದು, ಬ್ಯಾಕ್ಟೀರಿಯದ ಎದುರು ಇಡಬೇಕು.

ತೊಡಕು ಇಲ್ಲಿಂದ ಮುಂದೆ. ನಿಜವಾದ ಕ್ಷಯದ ಬ್ಯಾಕ್ಟೀರಿಯ ಬೆಳೆಸಲು ಬಿಗಿ ಭದ್ರತೆಯ ಪ್ರಯೋಗಾಲಯ ಬೇಕು. ಅದು ಒಂದು ಎರಡಾಗಲು ಸುಮಾರು ಒಂದು ದಿನ ಹಿಡಿಯುತ್ತದೆ, ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಳು. ಜಗತ್ತೆಲ್ಲ ಪರೀಕ್ಷೆಗೆ ಬಳಸುವ ಎಚ್37ಆರ್‌ವಿ ಎಂಬ ತಳಿ 1905ರಲ್ಲಿ ಅಮೆರಿಕದ ಒಬ್ಬ ರೋಗಿಯ ಕಫದಿಂದ ಬಂದದ್ದು. ರೋಗಿಯನ್ನು ಯಾರೂ ನೆನೆಯುವುದಿಲ್ಲ, ಅವನ ಕಫದ ಸಂತತಿ ಇನ್ನೂ ಇದೆ. ಅನುಕೂಲವಿಲ್ಲದ ಕಾಲೇಜುಗಳವರು ಇದರ ನಿರಪಾಯದ ದಾಯಾದಿಯೊಂದರ ಮೇಲೆ ಪರೀಕ್ಷೆ ಮಾಡಿ ‘ಕ್ಷಯಕ್ಕೆ ಮದ್ದು’ ಎಂದು ತಲೆಬರಹ ಕೊಡುವುದುಂಟು. ಅದನ್ನು ಓದಿದ ಪತ್ರಿಕೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅಲ್ಲದೆ ಒಳಶಿಲೀಂಧ್ರ ಹಟಮಾರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಉಮಾಶಂಕರ್ ಅವರ ತಂಡ ಪಶ್ಚಿಮಘಟ್ಟದ ನೊಥಪೊಡೈಟಿಸ್ ಮರದ ಒಳಶಿಲೀಂಧ್ರಗಳಲ್ಲಿ ಕ್ಯಾನ್ಸರಿನ ಮದ್ದಾದ ಕ್ಯಾಂಪ್ಟೊಥೆಸಿನ್ ಕಂಡಿತು. ಆದರೆ ಗಿಡದಿಂದ ಬೇರ್ಪಡಿಸಿ ಬೆಳೆಸುತ್ತ ಹೋದಂತೆ ಅವು ಅದನ್ನು ಮಾಡುವುದನ್ನೇ ಕಡಿಮೆ ಮಾಡಿದವು. ಈವರೆಗೆ ಒಳಶಿಲೀಂಧ್ರದಿಂದ ಬಂದ ಒಂದು ಕ್ಷಯದ ಮಾತ್ರೆಯೂ ಔಷಧದಂಗಡಿಗೆ ತಲುಪಿಲ್ಲ.

ಆದರೂ ಹುಡುಕಲೇಬೇಕು. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಹಳೆಯ ಮದ್ದಿಗೆ ಬಗ್ಗದ ಕ್ಷಯ ಬೆಳೆದಿದೆ. ದಶಕಗಳ ನಂತರ ಬಂದ ಹೊಸ ಮದ್ದು ಬೆಡಾಕ್ವಿಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ. ಅದಕ್ಕೂ ಪ್ರತಿರೋಧ ಆಗಲೇ ಕಾಣಿಸಿಕೊಂಡಿದೆ.

ನಮ್ಮ ಹಿರಿಯರು ಇದನ್ನು ತಪೆದಿಕ್ ಎನ್ನುತ್ತಿದ್ದರು. ಇದು ಅಂಟುವ ರೋಗವೆಂದು ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತನ್ನ ‘ಅಲ್ ಕಾನೂನ್’ನಲ್ಲಿ ಬರೆದಿಟ್ಟಿದ್ದ. ಮಹಲನ್ನೂ ಬಿಡದ ರೋಗ ಇದು. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಎದ್ದಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅದರ ಬ್ಯಾನರ್ಜಿ ಮತ್ತು ಆಂಡರ್ಸನ್ ಹಳ್ಳಿಗಳಿಗೆ ಹೋಗಿ ವಿಚಾರಿಸಿ, 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅಧ್ಯಯನ ಹೇಳಿದ್ದೇ ಬೇರೆ. ಕಾಯಿಲೆಯ ಲಕ್ಷಣವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಕೆಮ್ಮಿನ ಔಷಧಿ ಕೊಟ್ಟು ಅವರನ್ನು ಕಳಿಸಿದ್ದರು.

ನನ್ನ ಖಾಲಾಗೂ ಹಾಗೆಯೇ ಆಯಿತು, ಇಪ್ಪತ್ತೈದು ವರ್ಷಗಳ ನಂತರ. ಊರಿನ ಡಾಕ್ಟರೊಬ್ಬರು ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ಪು ಬರೆದರು. ಮನೆಯಲ್ಲಿ ಅವರ ಲೋಟ, ತಟ್ಟೆ ಬೇರೆಯಾದವು. ಕಫದಲ್ಲಿ ರಕ್ತ ಕಂಡ ಮೇಲೆ ಮೈಸೂರಿಗೆ ಕರೆದೊಯ್ದರು. ಮಾತ್ರೆ ಶುರುವಾದ ಮಾರನೆಯ ದಿನ ಬೆಳಿಗ್ಗೆ ಅವರು ಗಾಬರಿಯಾಗಿ ಅಮ್ಮನನ್ನು ಕೂಗಿದರು. ಮೂತ್ರ ಕೆಂಪಾಗಿತ್ತು. ರಕ್ತವೆಂದುಕೊಂಡಿದ್ದರು. ಅದು ರಿಫಾಂಪಿಸಿನ್‌ನ ಬಣ್ಣ, ಹೆದರಬೇಡಿ ಎಂದು ಒಬ್ಬ ನರ್ಸಮ್ಮ ಹೇಳಿದರು. ಫ್ರಾನ್ಸಿನ ಪೈನ್ ಕಾಡಿನ ಮಣ್ಣಿನ ಬಣ್ಣ ಅದೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಎರಡು ತಿಂಗಳಿಗೆ ಕೆಮ್ಮು ನಿಂತಿತು. ಮಾತ್ರೆ ನಿಲ್ಲಿಸಿ ನೂಲಿನ ಕೆಲಸಕ್ಕೆ ಹೋದರು. ಕೂಲಿ ಬಿಟ್ಟು ಎಷ್ಟು ದಿನ ಇರುವುದು? ಮರುವರ್ಷ ಕೆಮ್ಮು ಮರಳಿತು, ಮತ್ತೆ ಮಾತ್ರೆ, ಈ ಸಲ ಸೂಜಿಯೂ ಸೇರಿತು. ಅಮ್ಮ ಮಾತ್ರೆಯ ಖಾಲಿ ಹಾಳೆಗಳನ್ನು ಎಣಿಸಿ ಇಟ್ಟುಕೊಳ್ಳುತ್ತಿದ್ದರು. ಎಂಟು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಖಾಲಾ ಆಮೇಲೆ ಇಪ್ಪತ್ತು ವರ್ಷ ಬದುಕಿದರು. ತಮ್ಮ ಲೋಟವನ್ನು ಮಾತ್ರ ಕೊನೆಯವರೆಗೂ ಬೇರೆಯೇ ಇಟ್ಟುಕೊಂಡಿದ್ದರು.