ಬಂದರಿನಿಂದ ಬದುವಿಗೆ: ರಫ್ತು ತರಕಾರಿಯ ನಿಯಮಗಳು ನಡೆದುಬಂದ ದಾರಿ

ಮಂಡಿಗೆ ಬಂದ ವ್ಯಾಪಾರಿ ಚೀಲದ ಬಾಯಿ ಬಿಚ್ಚಿ ನೋಡಿ ಸುಮ್ಮನಾಗುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದ ಈರುಳ್ಳಿಯನ್ನು ಮೇಲೆತ್ತಿ, ಹಿಸುಕಿ, ಮೂಸಿ ನೋಡಿದ ಮೇಲೆಯೇ ದರದ ಮಾತು. ಕೌಲಾಲಂಪುರದಲ್ಲೋ ರಾಟರ್‌ಡ್ಯಾಮ್‌ನಲ್ಲೋ ಕುಳಿತು ಕೊಳ್ಳುವವನಿಗೆ ಆ ಅನುಕೂಲವಿಲ್ಲ. ಅವನ ಪರವಾಗಿ ಮತ್ತೊಬ್ಬರು ನೋಡಬೇಕು, ನೋಡಿದ್ದನ್ನು ಬರೆದುಕೊಡಬೇಕು, ಬರೆದದ್ದು ಎರಡೂ ದೇಶಗಳಲ್ಲಿ ಒಂದೇ ಅರ್ಥ ಕೊಡಬೇಕು. ತರಕಾರಿ ರಫ್ತಿನ ನಿಯಮಗಳೆಲ್ಲ ಹುಟ್ಟಿದ್ದು ಈ ಅಗತ್ಯದಿಂದ. ಸುಮಾರು ನೂರು ವರ್ಷಗಳಲ್ಲಿ ಅವು ಮೊದಲು ಕಣ್ಣಿಗೆ ಕಾಣುವ ಗಾತ್ರ, ಆಕಾರಗಳನ್ನು ಅಳೆದವು. ಆಮೇಲೆ ಕಾಯಿಯೊಳಗಿನ ಹುಳು ಹುಡುಕಿದವು. ಈಗ ಕಣ್ಣಿಗೂ ನಾಲಗೆಗೂ ಸಿಗದ ಔಷಧಿಯ ಶೇಷವನ್ನು ಬೆನ್ನಟ್ಟುತ್ತಿವೆ. ಪ್ರತಿ ಹಂತದಲ್ಲೂ ತಪಾಸಣೆ ಬಂದರಿನಿಂದ ಹೊಲದ ಕಡೆಗೆ ಒಂದಿಷ್ಟು ಸರಿದಿದೆ. ಜವಾಬ್ದಾರಿ ರೈತನ ಬದುವಿಗೆ ಬಂದು ನಿಂತಿದ್ದರೂ ನಿಯಮದ ಪುಸ್ತಕ ಅವನ ಕೈಗೆ ಬಂದಿಲ್ಲ ಎಂಬುದು ನನ್ನ ತಕರಾರು.

ಅಮೆರಿಕದಲ್ಲಿ ರೈಲು ವ್ಯಾಗನ್ನುಗಳಲ್ಲಿ ದೂರದೂರಕ್ಕೆ ಸಾಗುತ್ತಿದ್ದ ಆಲೂಗಡ್ಡೆಗೆ ಅಲ್ಲಿನ ಕೃಷಿ ಇಲಾಖೆ 1917ರಲ್ಲಿ ದರ್ಜೆ ಗೊತ್ತುಮಾಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಯೂರೋಪಿನ ದೇಶಗಳು ಒಂದಕ್ಕೊಂದು ಹಣ್ಣು ತರಕಾರಿ ಮಾರತೊಡಗಿದಾಗ, ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗ 1949ರಲ್ಲಿ ಜಿನೀವಾದಲ್ಲಿ ಎಲ್ಲರಿಗೂ ಒಪ್ಪುವ ದರ್ಜೆಗಳನ್ನು ಬರೆಯಲು ಕೂತಿತು. ಇವತ್ತು ಜಗತ್ತಿನ ಬಹುಪಾಲು ತರಕಾರಿ ವ್ಯಾಪಾರ ಬಳಸುವ 'ಎಕ್ಸ್‌ಟ್ರಾ', 'ಒಂದನೇ ದರ್ಜೆ', 'ಎರಡನೇ ದರ್ಜೆ' ಎಂಬ ವಿಂಗಡಣೆ ಅಲ್ಲಿ ರೂಪುಗೊಂಡದ್ದು.

ನಮ್ಮಲ್ಲಿ ಕಾನೂನು ಅದಕ್ಕೂ ಮೊದಲೇ ಬಂದಿತ್ತು. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರ ವರದಿಯಲ್ಲಿ ಮಾರುಕಟ್ಟೆ ಸುಧಾರಣೆಯ ಮಾತೆತ್ತಿತು. 1934ರಲ್ಲಿ ಕೃಷಿ ಮಾರುಕಟ್ಟೆ ಸಲಹೆಗಾರನಾಗಿ ಬಂದ ಎ. ಎಂ. ಲಿವಿಂಗ್‌ಸ್ಟನ್ ದರ್ಜೆ ಮತ್ತು ಮುದ್ರೆಯ ವ್ಯವಸ್ಥೆ ಕಟ್ಟಿದ. 1937ರ ಕೃಷಿ ಉತ್ಪನ್ನ ದರ್ಜೆ ಮತ್ತು ಮುದ್ರೆ ಕಾಯ್ದೆಯಿಂದ 'ಅಗ್‌ಮಾರ್ಕ್' ಹುಟ್ಟಿತು. ತುಪ್ಪ, ಜೇನುತುಪ್ಪದ ಡಬ್ಬಿಗಳ ಮೇಲೆ ನಾವು ನೋಡುವ ಮುದ್ರೆ ಇದೇ. ಗುಣಕ್ಕೆ ಖಾತರಿ ಕೊಡುವವರಿಲ್ಲದೆ ಬೆಳೆಗಾರ ಒಳ್ಳೆಯ ಮಾಲನ್ನೂ ದಲ್ಲಾಳಿ ಹೇಳಿದ ದರಕ್ಕೆ ಬಿಟ್ಟುಕೊಡಬೇಕಾಗಿತ್ತು. ಅದನ್ನು ತಪ್ಪಿಸುವುದು ಈ ವ್ಯವಸ್ಥೆಯ ಮೂಲ ಉದ್ದೇಶ. ಇದನ್ನು ಒತ್ತಿ ಹೇಳಲು ಕಾರಣವಿದೆ. ದರ್ಜೆ ಎಂಬುದು ಖರೀದಿದಾರನ ಅಸ್ತ್ರ ಎಂದು ಈಗ ನಮ್ಮ ರೈತರಲ್ಲಿ ಅನೇಕರು ನಂಬಿದ್ದಾರೆ. ಕಾಯ್ದೆ ಬರೆದವರ ಮನಸ್ಸಿನಲ್ಲಿ ಅದು ಬೆಳೆಗಾರನ ಗುರಾಣಿಯಾಗಿತ್ತು.

ಸ್ವಾತಂತ್ರ್ಯದ ನಂತರದ ದಶಕಗಳನ್ನು ಬೇಗ ದಾಟಬಹುದು. ರಫ್ತು (ಗುಣಮಟ್ಟ ನಿಯಂತ್ರಣ ಮತ್ತು ತಪಾಸಣೆ) ಕಾಯ್ದೆ 1963ರಲ್ಲಿ ಬಂತು, ಮರುವರ್ಷ ರಫ್ತು ತಪಾಸಣಾ ಮಂಡಳಿ ಶುರುವಾಯಿತು. ತರಕಾರಿಗಳಲ್ಲಿ ಹಡಗು ಹತ್ತುತ್ತಿದ್ದುದು ಮುಖ್ಯವಾಗಿ ಈರುಳ್ಳಿ, ಅದರ ರಫ್ತನ್ನು ಬಹುಕಾಲ ರಾಷ್ಟ್ರೀಯ ಕೃಷಿ ಸಹಕಾರಿ ಮಾರಾಟ ಮಹಾಮಂಡಳ ನಾಫೆಡ್ ಮೂಲಕವೇ ನಡೆಸಲಾಯಿತು. 1986ರಲ್ಲಿ ಕೃಷಿ ಮತ್ತು ಸಂಸ್ಕರಿತ ಆಹಾರ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ (ಅಪೆಡಾ) ಕೆಲಸ ಆರಂಭಿಸಿದ ಮೇಲೆ ತಾಜಾ ತರಕಾರಿಗೂ ಒಂದು ಮನೆ ಸಿಕ್ಕಿತು. ಬೇರೆ ಬೇರೆ ಕಾಲದಲ್ಲಿ ಬಂದ ನಿಯಮಗಳ ಜಾಗದಲ್ಲಿ 2004ರ ಹಣ್ಣು ತರಕಾರಿ ದರ್ಜೆ ಮತ್ತು ಮುದ್ರೆ ನಿಯಮಗಳು ಬಂದು, ಅಂತರರಾಷ್ಟ್ರೀಯ ದರ್ಜೆಗಳ ಹೆಸರುಗಳೇ ಅಗ್‌ಮಾರ್ಕ್‌ಗೂ ಬಂದವು. ಐರೋಪ್ಯ ಒಕ್ಕೂಟ ನಮ್ಮ ಮಾರುಕಟ್ಟೆ ಮತ್ತು ತಪಾಸಣಾ ನಿರ್ದೇಶನಾಲಯದ ಪರೀಕ್ಷೆಯನ್ನು ಮಾನ್ಯ ಮಾಡಿ, ಅಂಥ ಮಾನ್ಯತೆಯಿರುವ ಕೆಲವೇ ಹೊರದೇಶಗಳ ಪಟ್ಟಿಗೆ ಭಾರತವನ್ನೂ ಸೇರಿಸಿತು. ಸಣ್ಣ ಸಾಧನೆಯಲ್ಲ ಇದು.

ದರ್ಜೆಯ ನಿಯಮದೊಳಗೆ ಏನಿರುತ್ತದೆ? ಮೊದಲು ಎಲ್ಲ ದರ್ಜೆಗೂ ಅನ್ವಯಿಸುವ ಕನಿಷ್ಠ ಷರತ್ತು: ಕಾಯಿ ಇಡಿಯಾಗಿರಬೇಕು, ಕೊಳೆತಿರಬಾರದು, ಮಣ್ಣಿರಬಾರದು, ಹುಳು ಇರಬಾರದು, ಬೇರೆ ವಾಸನೆ ಹಿಡಿದಿರಬಾರದು. ಆಮೇಲೆ ಪ್ರತಿ ತರಕಾರಿಯ ಸ್ವಂತ ಲೆಕ್ಕ. ಈರುಳ್ಳಿಯ ಒಣಗಿದ ಕತ್ತು 6 ಸೆಂಟಿಮೀಟರಿಗಿಂತ ಉದ್ದ ಉಳಿಯಬಾರದು. ಎಲ್ಲವೂ ಕರಾರುವಾಕ್ಕಾಗಿರಲು ಸಾಧ್ಯವಿಲ್ಲವೆಂದು ನಿಯಮಕ್ಕೂ ಗೊತ್ತಿದೆ. ಹಾಗಾಗಿ ಎಕ್ಸ್‌ಟ್ರಾ ದರ್ಜೆಯಲ್ಲಿ ಶೇ. 5, ಉಳಿದೆರಡರಲ್ಲಿ ಶೇ. 10ರಷ್ಟು ಮಾಲು ದರ್ಜೆಗಿಂತ ಕೆಳಗಿದ್ದರೂ ನಡೆಯುತ್ತದೆ. ಪರೀಕ್ಷಕ ಎಲ್ಲ ಪೆಟ್ಟಿಗೆ ಬಿಚ್ಚುವುದಿಲ್ಲ. ಲಾಟಿನಲ್ಲಿ 100 ಪೆಟ್ಟಿಗೆಯವರೆಗೆ ಇದ್ದರೆ ಕನಿಷ್ಠ 5, ಮುನ್ನೂರರವರೆಗೆ 7, ಸಾವಿರ ದಾಟಿದರೆ 15 ಪೆಟ್ಟಿಗೆಗಳನ್ನು ಅಲ್ಲಲ್ಲಿಂದ ಎಳೆದು ನೋಡುತ್ತಾನೆ. ಆ ಹದಿನೈದು ಹೇಳಿದ್ದೇ ಸಾವಿರದ ಭವಿಷ್ಯ.

ಪ್ಯಾಕಿಂಗ್ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ವಾಕ್ಯವೊಂದಿದೆ. ಪೆಟ್ಟಿಗೆಯಲ್ಲಿ ಮೇಲೆ ಕಾಣುವ ಭಾಗ ಒಳಗಿರುವ ಅಷ್ಟೂ ಮಾಲನ್ನು ಪ್ರತಿನಿಧಿಸಬೇಕು ಎಂಬುದು ಅದರ ತಾತ್ಪರ್ಯ. ಮೇಲೆ ದಪ್ಪ ಟೊಮೆಟೊ ಜೋಡಿಸಿ ಅಡಿಗೆ ಗೋಲಿಯಂಥವನ್ನು ತುಂಬುವ ಚಾಳಿಯನ್ನು ಇಡೀ ಜಗತ್ತೇ ಬಲ್ಲದು ಎಂದಾಯಿತು! ಉಳಿದದ್ದು ಸರಳ. ಒಂದು ಪೆಟ್ಟಿಗೆಯಲ್ಲಿ ಒಂದೇ ತಳಿ, ಒಂದೇ ದರ್ಜೆ. ತರಕಾರಿಗೆ ತಾಗುವ ಕಾಗದದ ಶಾಯಿ ವಿಷವಾಗಿರಬಾರದು. ಹೊರಗೆ ಪ್ಯಾಕ್ ಮಾಡಿದವರ ಗುರುತು, ಬೆಳೆದ ದೇಶ, ದರ್ಜೆ, ಗಾತ್ರ ಬರೆದಿರಬೇಕು. ಪೆಟ್ಟಿಗೆಯ ಅಡಿಯ ಮರದ ಪ್ಯಾಲೆಟ್ಟಿಗೂ 2002ರಿಂದ ಅಂತರರಾಷ್ಟ್ರೀಯ ನಿಯಮವಿದೆ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು ಅಥವಾ ಧೂಮೀಕರಣವಾಗಿರಬೇಕು, ಇಲ್ಲದಿದ್ದರೆ ಮರದೊಳಗಿನ ಹುಳು ದೇಶ ದಾಟುತ್ತದೆ.

ಆಕಾರದ ನಿಯಮಗಳು ತುತ್ತತುದಿ ಮುಟ್ಟಿದ್ದು ಯೂರೋಪಿನ ಸೌತೆಕಾಯಿಯಲ್ಲಿ. 1988ರ ಅವರ ನಿಯಮದ ಪ್ರಕಾರ ಮೇಲಿನ ಎರಡು ದರ್ಜೆಗಳ ಸೌತೆ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರಿಗಿಂತ ಹೆಚ್ಚು ಬಾಗಿರಬಾರದು. ಪತ್ರಿಕೆಗಳು ಇದನ್ನು ವರ್ಷಗಟ್ಟಲೆ ಗೇಲಿ ಮಾಡಿದವು. ಆದರೆ ನೆಟ್ಟಗಿರುವ ಕಾಯಿ ಪೆಟ್ಟಿಗೆಯಲ್ಲಿ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ, ಕೊಳ್ಳುವವನು ಬಿಚ್ಚದೆಯೇ ಎಷ್ಟಿವೆಯೆಂದು ತಿಳಿಯುತ್ತಾನೆ. ವ್ಯಾಪಾರಿಗಳಿಗೆ ಅದು ಬೇಕಾಗಿತ್ತು. ಒಕ್ಕೂಟ 2009ರ ಜುಲೈ 1ರಿಂದ 26 ಹಣ್ಣು ತರಕಾರಿಗಳ ಪ್ರತ್ಯೇಕ ನಿಯಮಗಳನ್ನು ಕೈಬಿಟ್ಟು, ಟೊಮೆಟೊ, ದಪ್ಪ ಮೆಣಸಿನಕಾಯಿ, ಸೇಬು, ದ್ರಾಕ್ಷಿ ಸೇರಿ ಹತ್ತಕ್ಕೆ ಮಾತ್ರ ಉಳಿಸಿಕೊಂಡಿತು. ಬಾಗಿದ ಸೌತೆಗೆ ಕಾನೂನಿನ ಅಡ್ಡಿ ಹೋಯಿತು. ದೊಡ್ಡ ಅಂಗಡಿಗಳ ಖಾಸಗಿ ಅಳತೆಗೋಲು ಹೋಗಲಿಲ್ಲ.

ಅಷ್ಟರಲ್ಲಿ ಗಮನ ಬೇರೆ ಕಡೆ ಹೊರಳಿತ್ತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಜಾರಿಗೆ ಬಂದ ಸಸ್ಯ ಮತ್ತು ಪ್ರಾಣಿ ಆರೋಗ್ಯ ಒಪ್ಪಂದ, ವೈಜ್ಞಾನಿಕ ಕಾರಣವಿದ್ದರೆ ಆಮದು ತಡೆಯುವ ಹಕ್ಕನ್ನು ಎಲ್ಲ ದೇಶಗಳಿಗೂ ಕೊಟ್ಟಿತು. ಅದರ ಬಿಸಿ ನಮಗೆ ಜೋರಾಗಿ ತಾಗಿದ್ದು 2014ರಲ್ಲಿ. ಆ ವರ್ಷದ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವು, ಬದನೆ, ಹಾಗಲ, ಪಡವಲ, ಕೆಸುವನ್ನು ನಿಷೇಧಿಸಿತು. ಹಿಂದಿನ ವರ್ಷ ಬಂದ ಸರಕಿನಲ್ಲಿ ಹಣ್ಣುನೊಣದಂಥ ಕೀಟಗಳು ಮತ್ತೆ ಮತ್ತೆ ಸಿಕ್ಕಿದ್ದವು. ಹಣ್ಣುನೊಣ ಸಿಪ್ಪೆಯಡಿ ಮೊಟ್ಟೆ ಇಡುತ್ತದೆ. ಪೆಟ್ಟಿಗೆ ಮುಚ್ಚುವಾಗ ಹಾಗಲಕಾಯಿ ನೋಡಲು ಅಚ್ಚುಕಟ್ಟು, ದಾರಿಯಲ್ಲಿ ಮೊಟ್ಟೆಯೊಡೆದು ಒಳಗೆ ಹುಳು. ಗಾತ್ರ, ಬಣ್ಣ ನೋಡುವ ಹಳೆಯ ಪರೀಕ್ಷೆ ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

ಮಾವಿನ ನಿಷೇಧ 2015ರ ಆರಂಭದಲ್ಲೇ ತೆರವಾಯಿತು. ಉಳಿದ ನಾಲ್ಕು ತರಕಾರಿಗಳ ಮೇಲಿನದು 2016ರ ಕೊನೆಯವರೆಗೂ ಎಳೆಯಿತು. ಯೂರೋಪಿಗೆ ಹೋಗುವ ತರಕಾರಿ ಅಪೆಡಾ ಮಾನ್ಯತೆಯಿರುವ ಪ್ಯಾಕ್‌ಹೌಸಿನಲ್ಲೇ ಸಿದ್ಧವಾಗಬೇಕು, ಸಸ್ಯ ಸಂರಕ್ಷಣಾ ಅಧಿಕಾರಿ ಅಲ್ಲೇ ನೋಡಬೇಕು ಎಂಬ ಕಟ್ಟುನಿಟ್ಟು ಬಂದದ್ದು ಈ ಪೆಟ್ಟಿನಿಂದ. ಅಂಥ ಪ್ಯಾಕ್‌ಹೌಸಿಗೆ ಎರಡೆರಡು ಬಾಗಿಲು, ಕಿಟಕಿಗೆ ಕೀಟ ನುಗ್ಗದ ಜಾಲರಿ, ವಿಂಗಡಿಸುವ ಮೇಜಿನ ಮೇಲೆ ಪ್ರಖರ ಬೆಳಕು, ಪಕ್ಕದಲ್ಲಿ ಭೂತಗನ್ನಡಿ. ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ಅವಸರದಿಂದ ಪೆಟ್ಟಿಗೆ ತಿರುವಿ ಮುದ್ರೆ ಒತ್ತುವ ಪದ್ಧತಿಗಿಂತ ಇದು ನೂರು ಪಾಲು ಮೇಲು. ಆದರೆ ಇದರ ಖರ್ಚು ಸಣ್ಣ ರಫ್ತುದಾರರನ್ನು ಕಣದಿಂದ ಹೊರಗಟ್ಟಬಲ್ಲದು ಎಂಬುದನ್ನೂ ಹೇಳಬೇಕು.

ಮೂರನೆಯ ಹಂತ ರಾಸಾಯನಿಕದ್ದು. ಯೂರೋಪಿನ 2005ರ ಕೀಟನಾಶಕ ಶೇಷದ ಕಾನೂನು 2008ರ ಸೆಪ್ಟೆಂಬರಿನಲ್ಲಿ ಪೂರ್ತಿಯಾಗಿ ಜಾರಿಗೆ ಬಂತು. ಒಂದು ಔಷಧಿಗೆ ಬೇರೆ ಮಿತಿ ಗೊತ್ತುಮಾಡಿರದಿದ್ದರೆ ಕಿಲೋಗೆ 0.01 ಮಿಲಿಗ್ರಾಂ, ಅಂದರೆ ನೂರು ಟನ್ ಬೆಂಡೆಗೆ ಒಂದು ಗ್ರಾಂ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಗೆ ತೇಲಿ ಬಂದರೂ ಈ ಮಿತಿ ಮೀರುವ ಸಂಭವವಿದೆ. ನಮ್ಮ ಬೆಂಡೆ, ಕರಿಬೇವು ಎರಡೂ ಯೂರೋಪಿನ ಹೆಚ್ಚುವರಿ ತಪಾಸಣೆಯ ಪಟ್ಟಿಗೆ ಸೇರಿದ್ದವು. ಶೇಷ ಸಿಕ್ಕಾಗ ಅದು ಯಾರ ಹೊಲದ್ದೆಂದು ಹಿಂದೆ ನಡೆದು ಹೋಗಲು ದಾರಿ ಇರಬೇಕಾದ್ದರಿಂದ, ದ್ರಾಕ್ಷಿಯಲ್ಲಿ ಮೊದಲು ಶುರುವಾದ ಹೊಲ ನೋಂದಣಿ ತರಕಾರಿಗೂ ಹರಡಿತು. ಯಾವ ಸರ್ವೆ ನಂಬರು, ಯಾವ ದಿನ ಯಾವ ಔಷಧಿ, ಎಷ್ಟು ದಿನ ಬಿಟ್ಟು ಕೊಯ್ಲು ಎಂಬುದೆಲ್ಲ ಈಗ ದಾಖಲೆಯ ವಿಷಯ.

ಈ ಮೂರೂ ಹಂತಗಳನ್ನು ಒಟ್ಟಿಗೆ ನೋಡಬೇಕೆನ್ನುವವರು ಕರ್ನಾಟಕದ ಮಿಡಿಸೌತೆಯನ್ನು (ಗರ್ಕಿನ್) ನೋಡಬೇಕು. ನಮ್ಮವರು ತಿನ್ನದ ಈ ಬೆಳೆ 1990ರ ದಶಕದ ಮೊದಲಲ್ಲಿ ಇಲ್ಲಿಗೆ ಬಂದು ತುಮಕೂರು, ಹಾಸನ, ಕೋಲಾರ, ದಾವಣಗೆರೆ, ಹಾವೇರಿ ಕಡೆ ಹಬ್ಬಿತು. ಅಪೆಡಾ ಲೆಕ್ಕದಂತೆ 2020-21ರಲ್ಲಿ ಭಾರತ 2,23,515 ಟನ್ ಸೌತೆ ಮತ್ತು ಮಿಡಿಸೌತೆ ರಫ್ತು ಮಾಡಿ ಜಗತ್ತಿನಲ್ಲೇ ಮುಂದಿತ್ತು. ವಿನೆಗರ್ ಅಥವಾ ಉಪ್ಪುನೀರಿನ ಡ್ರಮ್ಮುಗಳಲ್ಲಿ ಅಮೆರಿಕ, ಯೂರೋಪು, ರಷ್ಯಾ ಸೇರುವ ಈ ಕಾಯಿಯ ದರ್ಜೆ ಕಿಲೋಗೆ ಎಷ್ಟು ಕಾಯಿ ಎಂಬುದರ ಮೇಲೆ. 160ಕ್ಕಿಂತ ಹೆಚ್ಚು ಕಾಯಿ ಬಂದರೆ ಮೇಲಿನ ದರ, ಆಮೇಲೆ 100ರಿಂದ 160, 60ರಿಂದ 100, 30ರಿಂದ 60 ಹೀಗೆ ಇಳಿಯುತ್ತದೆ. ಕಿರುಬೆರಳಿನಷ್ಟಿದ್ದ ಮಿಡಿ ಒಂದು ಹಗಲು ಒಂದು ರಾತ್ರಿಯಲ್ಲಿ ದಪ್ಪವಾಗಿ ಕೆಳದರ್ಜೆಗೆ ಜಾರುತ್ತದೆ. ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಕೊಯ್ಲು ಬಿಡುವಂತಿಲ್ಲ. ಬಳ್ಳಿಯ ಎಲೆ ಸರಿಸಿ ಮಿಡಿ ಹುಡುಕಿ, ತುದಿಯ ಒಣಹೂವು ಉದುರಿಸಿ, ಗೀರು ಬೀಳದಂತೆ ಬುಟ್ಟಿಗಿಡುವ ಈ ಕೆಲಸ ಬಹುತೇಕ ಹೆಂಗಸರದ್ದು. ಜಗತ್ತಿನ ದರ್ಜೆಯನ್ನು ಮೊದಲು ನಿರ್ಧರಿಸುವುದು ಅವರ ಬೆರಳು. ಬೀಜ, ಗೊಬ್ಬರ, ಔಷಧಿಯನ್ನು ರೈತನೊಂದಿಗೆ ಒಪ್ಪಂದ ಮಾಡಿಕೊಂಡ ಕಂಪನಿಯೇ ಕೊಟ್ಟು ಲೆಕ್ಕ ಬರೆದುಕೊಳ್ಳುವುದರಿಂದ ಹೊಲದ ಜಾಡು ಹಿಡಿಯುವುದು ಸುಲಭ. ಆದರೆ ಹಳ್ಳಿಯ ಸಂಗ್ರಹ ಕೇಂದ್ರದಲ್ಲಿ ಗ್ರೇಡು ಮಾಡುವಾಗ ರೈತನ ಮಾತಿಗೆ ಬೆಲೆ ಕಡಿಮೆ. 'ರಿಜೆಕ್ಟ್' ಎಂದು ಪಕ್ಕಕ್ಕೆ ಸರಿಸಿದ ಕಾಯಿಗೆ ಇಲ್ಲಿ ಬೇರೆ ಮಾರುಕಟ್ಟೆಯೇ ಇಲ್ಲ, ದನಕ್ಕೆ ಹಾಕಬೇಕು.

ಬೆಂಗಳೂರು ರೋಸ್ ಈರುಳ್ಳಿಯ ಕಥೆ ಬೇರೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಬೆಳೆಯುವ ಈ ಪುಟ್ಟ, ಕಡುಗೆಂಪು, ಖಾರದ ಗೆಡ್ಡೆಗೆ 2015ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇದರ ಗಿರಾಕಿಗಳು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾದವರು, ಒಳನಾಡಿನಲ್ಲಿ ಬೇಡಿಕೆ ಅತ್ಯಲ್ಪ. ಆದರೂ ದೆಹಲಿ ಈರುಳ್ಳಿ ರಫ್ತು ನಿಲ್ಲಿಸಿದಾಗಲೆಲ್ಲ ಇದೂ ನಿಂತಿತು. 2019ರ ನಿಷೇಧದ ನಡುವೆ 9,000 ಟನ್ನಿಗೆ, 2020ರಲ್ಲಿ 10,000 ಟನ್ನಿಗೆ ಚೆನ್ನೈ ಬಂದರಿನಿಂದ ಮಾತ್ರ ಹೋಗಲು ವಿನಾಯಿತಿ ದೊರೆಯಿತು. 2023ರಲ್ಲಿ ಈರುಳ್ಳಿಗೆ ಶೇ. 40 ರಫ್ತು ಸುಂಕ ಬಿದ್ದಾಗಲೂ ಕೆಲವೇ ವಾರಗಳಲ್ಲಿ ಇದಕ್ಕೆ ವಿನಾಯಿತಿ ಬಂತು. ಇದು ರೋಸ್ ಈರುಳ್ಳಿಯೇ ಹೌದು, ಗುಣಮಟ್ಟ ಇಂಥದ್ದು ಎಂದು ಕರ್ನಾಟಕದ ತೋಟಗಾರಿಕೆ ಆಯುಕ್ತರು ಬರೆದುಕೊಡಬೇಕೆಂಬುದು ಆಗಿನ ಷರತ್ತಾಗಿತ್ತು. ಗುಣಕ್ಕೆ ಸಾಕ್ಷಿಯಾಗಿ ಹುಟ್ಟಿದ ಪ್ರಮಾಣಪತ್ರ ಹೀಗೆ ರಹದಾರಿಯೂ ಆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಾರಾಸಗಟು ನಿಷೇಧ ಬಂದಾಗ ಆ ಪತ್ರವೂ ಉಪಯೋಗಕ್ಕೆ ಬರಲಿಲ್ಲ. ಹೊರದೇಶದ ಗಿರಾಕಿ ಒಮ್ಮೆ ಬೇರೆ ಊರಿನ ಈರುಳ್ಳಿಗೆ ಒಗ್ಗಿಕೊಂಡರೆ ಯಾವ ದರ್ಜೆಯ ಮುದ್ರೆಯೂ ಅವನನ್ನು ಮರಳಿ ತರುವುದಿಲ್ಲ. ದರ್ಜೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ಸರ್ಕಾರ ನೀತಿಯ ವಿಷಯದಲ್ಲೂ ಅಷ್ಟೇ ಸ್ಥಿರವಾಗಿರಬೇಕಿತ್ತು.

ಮೊದಲೇ ಎತ್ತಿದ ತಕರಾರಿಗೆ ಮರಳೋಣ. ಅಗ್‌ಮಾರ್ಕ್ ನಿಯಮಗಳು ಪ್ರಕಟವಾಗುವುದು ಹಿಂದಿ, ಇಂಗ್ಲಿಷಿನ ರಾಜ್ಯಪತ್ರದಲ್ಲಿ. ಜಿನೀವಾದ ದರ್ಜೆಗಳಂತೂ ಇನ್ನೂ ದೂರ. ಅವುಗಳ ಫಲ ಉಣ್ಣುವವರು, ಪೆಟ್ಟು ತಿನ್ನುವವರು ಮಾತ್ರ ಶಿಡ್ಲಘಟ್ಟ, ಮಧುಗಿರಿ, ರಾಣೆಬೆನ್ನೂರಿನಲ್ಲಿದ್ದಾರೆ. ತೋಟಗಾರಿಕೆ ಇಲಾಖೆಯಾಗಲಿ ಅಪೆಡಾದ ಬೆಂಗಳೂರು ಕಚೇರಿಯಾಗಲಿ ಮೂರು ಕೆಲಸ ಮಾಡಬೇಕು. ಪ್ರತಿ ಸಂಗ್ರಹ ಕೇಂದ್ರದ ಗೋಡೆಯ ಮೇಲೆ ಚಿತ್ರಸಹಿತ ಕನ್ನಡ ದರ್ಜೆಪಟ್ಟಿ ತೂಗುಹಾಕಿಸಬೇಕು. ಮಾಲು ತಿರಸ್ಕರಿಸಿದರೆ ತೂಕ ಮತ್ತು ಕಾರಣ ಬರೆದ ಚೀಟಿಯನ್ನು ರೈತನಿಗೆ ಕೊಡುವುದು ಕಡ್ಡಾಯವಾಗಬೇಕು. ಶೇಷ ಪರೀಕ್ಷೆಯ ವರದಿಯ ಒಂದು ಪ್ರತಿ ಬೆಳೆದವನ ಕೈ ಸೇರಬೇಕು. ಒಪ್ಪಂದದ ಕಾಗದಕ್ಕೆ ಸಹಿ ಹಾಕಲು ಹೊರಟಿರುವ ರೈತ ಉತ್ಪಾದಕ ಸಂಘಗಳು ಸಹಿಗೆ ಮೊದಲು ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಲಿ.