ಅಮೆರಿಕದ ವಿದ್ಯಾಪ್ರಸಾರಕರ ಸಂಘವೂ ಸಾರ್ವಜನಿಕ ದೂರದರ್ಶನದ ಉದಯವೂ

೧

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಾರ್ವಜನಿಕ ದೂರದರ್ಶನವು ಹುಟ್ಟಿದ ಕಾಲವನ್ನು ನಿರ್ಣಯಿಸುವವರು ಸಾಮಾನ್ಯವಾಗಿ ೧೯೬೭ನೆಯ ಇಸವಿಯನ್ನು ಹೇಳುವುದು ವಾಡಿಕೆ. ಆ ವರ್ಷದ ನವೆಂಬರ್ ೭ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಸಾರ್ವಜನಿಕ ಪ್ರಸಾರ ಶಾಸನಕ್ಕೆ ಅಂಕಿತ ಹಾಕಿದರು. ಅದರ ಫಲವಾಗಿ ಒಂದು ನಿಗಮವೂ ತರುವಾಯ ಒಂದು ರಾಷ್ಟ್ರೀಯ ಪ್ರಸಾರಸೇವೆಯೂ ಏರ್ಪಟ್ಟವು. ಶಾಸನದಿಂದ ಕಾಲವನ್ನು ಎಣಿಸುವುದು ಸುಲಭ. ಏಕೆಂದರೆ ಅದಕ್ಕೆ ತಾರೀಖುಂಟು, ಸಹಿಯುಂಟು, ಹಣದ ಲೆಕ್ಕವುಂಟು. ಆದರೆ ಅಣೆಕಟ್ಟನ್ನು ಕಟ್ಟಿದ ದಿನವನ್ನೇ ನದಿಯು ಹುಟ್ಟಿದ ದಿನವೆಂದು ಹೇಳುವುದು ಯುಕ್ತವಲ್ಲ. ಶಾಸನಕ್ಕೆ ನಲವತ್ತು ವರ್ಷಗಳಿಗೂ ಮೊದಲಿನಿಂದ, ಒಬ್ಬರಿಂದೊಬ್ಬರು ನೂರಾರು ಮೈಲಿ ದೂರದಲ್ಲಿದ್ದ ಪ್ರಸಾರನಿಲಯಗಳ ಅಧಿಕಾರಿಗಳೂ ಯಂತ್ರಜ್ಞರೂ ಅಧ್ಯಾಪಕರೂ ಪತ್ರಗಳ ಮೂಲಕವೂ ವಾರ್ಷಿಕ ಸಭೆಗಳ ಮೂಲಕವೂ, ಮುಂದೆ ಅಂಚೆಯಲ್ಲಿ ಸುತ್ತಿಬರುತ್ತಿದ್ದ ಟೇಪುಗಳ ಮೂಲಕವೂ ತಮ್ಮ ಅನುಭವವನ್ನು ಹಂಚಿಕೊಳ್ಳುತ್ತಿದ್ದರು. ಈ ಪರಸ್ಪರ ವಿನಿಮಯವೇ ಸಾರ್ವಜನಿಕ ದೂರದರ್ಶನದ ಮೂಲವೆಂದೂ, ಅದಕ್ಕೆ ಆಶ್ರಯವಾಗಿದ್ದ ಸಂಘವು ತನ್ನ ಕಾರ್ಯಸಿದ್ಧಿಯಿಂದಲೇ ಕ್ಷಯಿಸಿತೆಂದೂ ತೋರಿಸುವುದು ಈ ಲೇಖನದ ಉದ್ದೇಶ.

೨

ರೇಡಿಯೋ ಪ್ರಸಾರವು ಆ ದೇಶದಲ್ಲಿ ಮೊದಲಾದಾಗ ಅನೇಕ ವಿಶ್ವವಿದ್ಯಾನಿಲಯಗಳೂ ಕಾಲೇಜುಗಳೂ ಸ್ವಂತ ನಿಲಯಗಳನ್ನು ಸ್ಥಾಪಿಸಿದುವು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹುಟ್ಟಿ, ಕೃಷಿಕರಿಗೆ ಹವಾಮಾನವನ್ನೂ ಪೇಟೆಯ ಧಾರಣೆಯನ್ನೂ ತಿಳಿಸುತ್ತ ಬೆಳೆದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ನಿಲಯವು ಇವುಗಳಲ್ಲಿ ಪ್ರಸಿದ್ಧವಾದುದು. ೧೯೨೫ರ ನವೆಂಬರಿನಲ್ಲಿ ವಾಷಿಂಗ್‌ಟನ್ನಿನಲ್ಲಿ ನಾಲ್ಕನೆಯ ರಾಷ್ಟ್ರೀಯ ರೇಡಿಯೋ ಸಮ್ಮೇಳನವು ನೆರೆದಿದ್ದಾಗ, ಈ ವಿದ್ಯಾಸಂಸ್ಥೆಗಳ ಪ್ರತಿನಿಧಿಗಳು ಒಟ್ಟುಗೂಡಿ ತಮ್ಮದೇ ಆದ ಒಂದು ಸಂಘವನ್ನು ಕಟ್ಟಿಕೊಂಡರು. ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ಪ್ರಸಾರನಿಲಯಗಳ ಸಂಘವೆಂಬುದು ಅದರ ಮೊದಲ ಹೆಸರು. ೧೯೩೪ರಲ್ಲಿ ಅದು ವಿದ್ಯಾಪ್ರಸಾರಕರ ರಾಷ್ಟ್ರೀಯ ಸಂಘವೆಂದು ಹೆಸರು ಮಾರ್ಪಡಿಸಿಕೊಂಡಿತು.

ಹೆಸರು ದೊಡ್ಡದಾದರೂ ಸಂಘವು ಬಡವಾಗಿತ್ತು. ವಾಣಿಜ್ಯ ನಿಲಯಗಳು ಜಾಹೀರಾತಿನ ಬಲದಿಂದ ಬೆಳೆದಂತೆ ವಿದ್ಯಾನಿಲಯಗಳು ತಮ್ಮ ತರಂಗಗಳನ್ನು ಕಳೆದುಕೊಳ್ಳತೊಡಗಿದುವು. ೧೯೨೧ರಿಂದ ೧೯೩೬ರವರೆಗೆ ವಿದ್ಯಾಸಂಸ್ಥೆಗಳಿಗೆ ದೊರೆತ ಪರವಾನಿಗಿಗಳು ೨೦೨. ಅವುಗಳಲ್ಲಿ ಆ ಅವಧಿಯ ಕೊನೆಗೆ ಉಳಿದವು ೩೮ ಮಾತ್ರ. ರೇಡಿಯೋ ತರಂಗಗಳಲ್ಲಿ ಶೇಕಡ ೨೫ರಷ್ಟನ್ನು ಲಾಭಾಪೇಕ್ಷೆಯಿಲ್ಲದ ಸಂಸ್ಥೆಗಳಿಗೆ ಮೀಸಲಿಡಬೇಕೆಂಬ ಸೂಚನೆಯು ೧೯೩೪ರಲ್ಲಿ ಶಾಸನಸಭೆಯ ಮುಂದೆ ಬಂದು ಬಿದ್ದುಹೋಯಿತು. ಉಳಿದ ನಿಲಯಗಳಲ್ಲಿ ದುಡಿಯುತ್ತಿದ್ದವರ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಈ ವೃತ್ತಿಯನ್ನು ಬಲ್ಲವರು ನಾಲ್ಕಾರು ಮಂದಿ. ಕಾರ್ಯಕ್ರಮವು ಚೆನ್ನಾಯಿತೋ ಕೆಟ್ಟಿತೋ ಹೇಳುವ ಸಮಾನಧರ್ಮಿಯು ಆ ಊರಿನಲ್ಲಿ ಇಲ್ಲ. ಯಂತ್ರವು ಕೆಟ್ಟರೆ ಕೇಳುವುದಕ್ಕೆ ಇನ್ನೊಬ್ಬ ಯಂತ್ರಜ್ಞನು ಮುಂದಿನ ಸಂಸ್ಥಾನದಲ್ಲಿರುವನು. ಆದುದರಿಂದ ಸಂಘದ ಸುತ್ತೋಲೆಯೂ, ಒಹಾಯೋ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ೧೯೩೦ರಿಂದ ವರ್ಷವರ್ಷವೂ ಸೇರುತ್ತಿದ್ದ ರೇಡಿಯೋ ಶಿಕ್ಷಣದ ಸಮ್ಮೇಳನವೂ ಇವರಿಗೆ ಜೀವನಾಧಾರವೆನ್ನಬಹುದಾಗಿತ್ತು.

ವಾಣಿಜ್ಯ ನಿಲಯಗಳಲ್ಲಿ ಒಂದರ ಉಪಾಯವು ಇನ್ನೊಂದಕ್ಕೆ ತಿಳಿದರೆ ನಷ್ಟ. ಒಂದೇ ಪಟ್ಟಣದಲ್ಲಿ ಒಂದೇ ಜಾಹೀರಾತುದಾರನಿಗಾಗಿ ಅವು ಸ್ಪರ್ಧಿಸುತ್ತವೆ. ವಿದ್ಯಾಪ್ರಸಾರ ನಿಲಯಗಳಿಗಾದರೋ ಬೇರೆಬೇರೆ ಸೀಮೆಗಳಿದ್ದುವು, ಕಳೆದುಕೊಳ್ಳುವಂಥ ಆದಾಯವಿರಲಿಲ್ಲ. ಅಯೋವದವರು ಕಂಡುಕೊಂಡ ಪಾಠಕ್ರಮವನ್ನು ಇಲಿನಾಯಿಯವರು ಅನುಸರಿಸಿದರೆ ಅಯೋವಕ್ಕೆ ಹಾನಿಯೇನೂ ಇಲ್ಲ. ಹೀಗೆ ಔದಾರ್ಯವು ಅವರ ಸ್ವಭಾವದಿಂದ ಎಷ್ಟು ಹುಟ್ಟಿತೋ ಅವರ ದಾರಿದ್ರ್ಯದಿಂದಲೂ ಅಷ್ಟೇ ಹುಟ್ಟಿತೆಂದು ಹೇಳಬೇಕು.

೩

ಈ ಸಮುದಾಯಕ್ಕೆ ಸ್ಪಷ್ಟವಾದ ಆತ್ಮಜ್ಞಾನವು ಬಂದುದು ೧೯೪೯ರ ಬೇಸಗೆಯಲ್ಲಿ. ಇಲಿನಾಯಿ ವಿಶ್ವವಿದ್ಯಾನಿಲಯಕ್ಕೆ ದಾನವಾಗಿ ಬಂದಿದ್ದ ಆಲರ್ಟನ್ ಎಂಬ ಹಳ್ಳಿಗಾಡಿನ ಸೌಧದಲ್ಲಿ, ಅಲ್ಲಿನ ಪ್ರಾಧ್ಯಾಪಕ ವಿಲ್ಬರ್ ಶ್ರ್ಯಾಮರ ಪ್ರಯತ್ನದಿಂದಲೂ ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯದಿಂದಲೂ ಒಂದು ವಿಚಾರಗೋಷ್ಠಿ ಏರ್ಪಟ್ಟಿತು. ಬೇರೆಬೇರೆ ನಿಲಯಗಳ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಕೆಲವು ವಾರಗಳ ಕಾಲ ಒಟ್ಟಿಗೆ ವಾಸಮಾಡಿ, ವಿದ್ಯಾಪ್ರಸಾರದ ಗುರಿಯೇನು, ಕೇಳುವವರು ಯಾರು, ಅವರಿಗೆ ಏನನ್ನು ಕೊಡಬೇಕು ಎಂಬ ವಿಷಯಗಳನ್ನು ಚರ್ಚಿಸಿದರು. ಮುಂದಿನ ವರ್ಷ ಅಲ್ಲಿಯೇ ಎರಡನೆಯ ಗೋಷ್ಠಿ ಸೇರಿತು. ಪತ್ರದಲ್ಲಿ ಮಾತ್ರ ಪರಿಚಿತರಾಗಿದ್ದವರು ಒಂದೇ ಸೂರಿನ ಕೆಳಗೆ ಉಂಡು ವಾದಿಸಿದುದರ ಫಲವು ಮುಂದಿನ ಮೂರು ವರ್ಷಗಳ ಕಾರ್ಯದಲ್ಲಿ ಕಾಣುತ್ತದೆ.

ಮೊದಲನೆಯದು ಟೇಪುಗಳ ವಿನಿಮಯ. ನ್ಯೂಯಾರ್ಕ್ ನಗರದ ಪೌರನಿಲಯದ ಮುಖ್ಯಸ್ಥರಾಗಿದ್ದ ಸೀಮೋರ್ ಸೀಗಲರು ಒಳ್ಳೆಯ ಕಾರ್ಯಕ್ರಮಗಳನ್ನು ಟೇಪಿನಲ್ಲಿ ಮುದ್ರಿಸಿ, ಕೆಲವೇ ಪ್ರತಿಗಳನ್ನು ಮಾಡಿ, ಒಂದು ನಿಲಯವು ಪ್ರಸಾರಮಾಡಿದ ಬಳಿಕ ಮುಂದಿನ ನಿಲಯಕ್ಕೆ ಅಂಚೆಯಲ್ಲಿ ಕಳುಹಿಸುವ ಪದ್ಧತಿಯನ್ನು ಆರಂಭಿಸಿದರು. ತಂತಿಯ ಜಾಲಕ್ಕೆ ಹಣವಿಲ್ಲದವರ ಈ ಜಾಲಕ್ಕೆ ಅವರೇ ವಿನೋದವಾಗಿ 'ಬೈಸಿಕಲ್ ಜಾಲ'ವೆಂದು ಹೆಸರಿಟ್ಟುಕೊಂಡರು. ೧೯೫೧ರಲ್ಲಿ ಕೆಲಾಗ್ ಪ್ರತಿಷ್ಠಾನದ ನೆರವು ದೊರೆತು, ಇಲಿನಾಯಿಯ ಅರ್ಬಾನಾದಲ್ಲಿ ಸಂಘಕ್ಕೆ ಒಂದು ಕಚೇರಿಯೂ ಟೇಪುಗಳ ಪ್ರತಿಮಾಡುವ ಯಂತ್ರಾಲಯವೂ ಉಂಟಾದುವು. ಸಿದ್ಧವಾದ ಕೃತಿಯೇ ಊರಿಂದೂರಿಗೆ ಹೋಗಿ ಅಲ್ಲಿನವರಿಗೆ ಗುರುವಾಯಿತು: ಇನ್ನೊಂದು ನಿಲಯದವರು ಒಂದು ಭಾಷಣವನ್ನು ಹೇಗೆ ಹ್ರಸ್ವಗೊಳಿಸಿದ್ದಾರೆ, ನಾಟಕಕ್ಕೆ ಶಬ್ದವನ್ನು ಹೇಗೆ ಒದಗಿಸಿದ್ದಾರೆ ಎಂಬುದನ್ನು ಕಿವಿಯಿಂದ ಕೇಳಿಯೇ ಕಲಿಯಬಹುದಾಗಿತ್ತು.

ಎರಡನೆಯದು ದೂರದರ್ಶನದ ಹಕ್ಕಿಗಾಗಿ ನಡೆದ ಹೋರಾಟ. ಫೆಡರಲ್ ಸಂಪರ್ಕ ಆಯೋಗವು ೧೯೪೮ರಲ್ಲಿ ಹೊಸ ದೂರದರ್ಶನ ಪರವಾನಿಗಿಗಳನ್ನು ತಡೆಹಿಡಿದು ವಾಹಿನಿಗಳ ಹಂಚಿಕೆಯನ್ನು ಪುನಃ ಪರಿಶೀಲಿಸುತ್ತಿತ್ತು. ಆಯೋಗದ ಸದಸ್ಯೆ ಫ್ರೀಡಾ ಹೆನಾಕರು ವಿದ್ಯಾಪ್ರಸಾರಕ್ಕೆ ವಾಹಿನಿಗಳನ್ನು ಮೀಸಲಿಡಬೇಕೆಂದು ಒಬ್ಬರೇ ವಾದಿಸುತ್ತಿದ್ದರು. ರೇಡಿಯೋವಿನಲ್ಲಿ ಆದ ನಷ್ಟವನ್ನು ಮರೆಯದಿದ್ದ ಸಂಘದವರು ಈ ಸಲ ಬರಿಯ ಮನವಿಯೊಡನೆ ಹೋಗಲಿಲ್ಲ. ೧೯೫೧ರ ಜನವರಿಯಲ್ಲಿ ನ್ಯೂಯಾರ್ಕಿನ ಏಳು ದೂರದರ್ಶನ ನಿಲಯಗಳ ಒಂದು ವಾರದ ಪ್ರಸಾರವನ್ನೆಲ್ಲ ನೋಡಿ, ಯಾವುದಕ್ಕೆ ಎಷ್ಟು ಹೊತ್ತು ಸಂದಿತೆಂಬ ಗಣನೆಯನ್ನು ಡಲ್ಲಾಸ್ ಸ್ಮೈದರ ನೇತೃತ್ವದಲ್ಲಿ ಸಿದ್ಧಪಡಿಸಿ ಆಯೋಗದ ಮುಂದೆ ಇಟ್ಟರು. ಶಿಕ್ಷಣಕ್ಕೆ ದೊರೆತ ಕಾಲವು ಅತ್ಯಲ್ಪವೆಂಬುದು ಅದರಿಂದ ಸಿದ್ಧವಾಯಿತು. ೧೯೫೨ರ ಏಪ್ರಿಲಿನಲ್ಲಿ ಆಯೋಗವು ೨೪೨ ವಾಹಿನಿಗಳನ್ನು ವಿದ್ಯಾಪ್ರಸಾರಕ್ಕೆ ಮೀಸಲಿಟ್ಟಿತು. ೧೯೫೩ರ ಮೇ ೨೫ರಂದು ಹ್ಯೂಸ್ಟನ್ ವಿಶ್ವವಿದ್ಯಾನಿಲಯದ ನಿಲಯವು ಆ ವಾಹಿನಿಗಳಲ್ಲಿ ಮೊದಲನೆಯದಾಗಿ ಪ್ರಸಾರವನ್ನು ಆರಂಭಿಸಿತು.

೪

ವಾಹಿನಿ ದೊರೆತರೂ ತುಂಬುವುದಕ್ಕೆ ಸಾಮಗ್ರಿ ಬೇಕು. ರೇಡಿಯೋವಿನಲ್ಲಿ ಕಲಿತ ಪದ್ಧತಿಯೇ ಇಲ್ಲಿಯೂ ಬಂದಿತು. ಫೋರ್ಡ್ ಪ್ರತಿಷ್ಠಾನದ ಹಣದಿಂದ ೧೯೫೨ರಲ್ಲಿ ಸ್ಥಾಪಿತವಾಗಿ ಮಿಷಿಗನ್ನಿನ ಆ್ಯನ್ ಆರ್ಬರಿನಲ್ಲಿ ನೆಲಸಿದ ಕೇಂದ್ರವು, ಒಂದು ನಿಲಯದಲ್ಲಿ ತಯಾರಾದ ಕಾರ್ಯಕ್ರಮವನ್ನು ಪರದೆಯಿಂದಲೇ ಫಿಲ್ಮಿಗೆ ಇಳಿಸಿ ಇತರ ನಿಲಯಗಳಿಗೆ ಅಂಚೆಯಲ್ಲಿ ಕಳುಹಿಸುತ್ತಿತ್ತು. ಚಿತ್ರವು ಮಸುಕಾಗಿರುತ್ತಿತ್ತು, ಬರುವುದೂ ತಡವಾಗುತ್ತಿತ್ತು. ಆದರೂ ಚಿಕ್ಕ ಊರಿನ ನಿರ್ದೇಶಕನಿಗೆ ಬಾಸ್ಟನ್ನಿನ ಅಥವಾ ಸ್ಯಾನ್ ಫ್ರಾನ್ಸಿಸ್ಕೋವಿನ ಕೆಲಸವನ್ನು ನೋಡುವ ಅವಕಾಶವು ಹಾಗೆ ದೊರೆಯಿತು. ಸಂಘವಾದರೋ ಯಂತ್ರಜ್ಞರಿಗೆ ಶಿಬಿರಗಳನ್ನು ನಡೆಸಿತು, ಪತ್ರಿಕೆಯನ್ನು ಹೊರಡಿಸಿತು, ಕೆಲಸ ಹುಡುಕುವವರಿಗೂ ಕೆಲಸಗಾರರನ್ನು ಹುಡುಕುವ ನಿಲಯಗಳಿಗೂ ಮಧ್ಯಸ್ಥವಾಗಿ ನಿಂತಿತು.

ಈ ಬಾಂಧವ್ಯದ ಬಲವು ಕಷ್ಟಕಾಲದಲ್ಲಿ ವಿದಿತವಾಯಿತು. ೧೯೬೧ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ನಿಲಯವು ಬೆಂಕಿಗೆ ಆಹುತಿಯಾಯಿತು. ನೆರೆಯ ನಿಲಯಗಳು ತಮ್ಮ ಸ್ಥಳವನ್ನೂ ಸಲಕರಣೆಗಳನ್ನೂ ಒದಗಿಸಿದುದರಿಂದ ಕೆಲವೇ ದಿನಗಳಲ್ಲಿ ಪ್ರಸಾರವು ಮತ್ತೆ ಮೊದಲಾಯಿತು. ಸ್ವಂತ ಮಂದಿರವಿಲ್ಲದ ಆ ದಿನಗಳಲ್ಲಿ, ಒಂದು ವಿದ್ಯುಚ್ಛಕ್ತಿ ಕಂಪೆನಿಯ ಪ್ರದರ್ಶನದ ಅಡುಗೆಮನೆಯಲ್ಲಿ ಚಿತ್ರಿಸಿ ೧೯೬೩ರಲ್ಲಿ ಪ್ರಸಾರಮಾಡಿದ ಜೂಲಿಯಾ ಚೈಲ್ಡರ ಪಾಕಪಾಠವು ನಿಲಯದಿಂದ ನಿಲಯಕ್ಕೆ ಹಬ್ಬಿ ದೇಶಪ್ರಸಿದ್ಧವಾಯಿತು. ಪಿಟ್ಸ್‌ಬರ್ಗಿನ ಫ್ರೆಡ್ ರಾಜರ್ಸರ ಮಕ್ಕಳ ಕಾರ್ಯಕ್ರಮವೂ ೧೯೬೮ರಲ್ಲಿ ದೇಶವನ್ನೆಲ್ಲ ಮುಟ್ಟುವ ಮೊದಲು ಪೂರ್ವ ಸಂಸ್ಥಾನಗಳ ನಿಲಯಗಳು ತಾವೇ ಕಟ್ಟಿಕೊಂಡಿದ್ದ ಜಾಲದ ಮೂಲಕ ಹರಡಿತ್ತು.

೧೯೬೭ರ ಶಾಸನವು ಸಹ ಇಂಥದೊಂದು ಸಭೆಯಲ್ಲಿಯೇ ಬೀಜವನ್ನು ಪಡೆಯಿತು. ೧೯೬೪ರ ಡಿಸೆಂಬರಿನಲ್ಲಿ ಸಂಘದ ದೂರದರ್ಶನ ವಿಭಾಗವು ನಿಲಯಗಳ ದೀರ್ಘಕಾಲದ ಹಣಕಾಸಿನ ವಿಚಾರವಾಗಿ ವಾಷಿಂಗ್‌ಟನ್ನಿನಲ್ಲಿ ಒಂದು ಸಮ್ಮೇಳನವನ್ನು ಕರೆಯಿತು. ಅಲ್ಲಿ ಬಾಸ್ಟನ್ನಿನ ರಾಲ್ಫ್ ಲೊವೆಲರು ಈ ಪ್ರಶ್ನೆಯನ್ನು ಸಮಗ್ರವಾಗಿ ಪರಿಶೀಲಿಸಲು ಒಂದು ರಾಷ್ಟ್ರೀಯ ಆಯೋಗವು ಅವಶ್ಯವೆಂದು ಸೂಚಿಸಿದರು. ೧೯೬೫ರಲ್ಲಿ ಕಾರ್ನೆಗಿ ಆಯೋಗವು ನಿಯಮಿತವಾಯಿತು; ೧೯೬೭ರ ಜನವರಿಯಲ್ಲಿ ಅದರ ವರದಿ ಹೊರಟಿತು; ಅದೇ ವರ್ಷವೇ ಶಾಸನವಾಯಿತು. ವರದಿಯು ದೂರದರ್ಶನವನ್ನು ಮಾತ್ರ ಹೇಳಿತ್ತು. ಸಂಘದ ರೇಡಿಯೋ ವಿಭಾಗದವರು ಕೊನೆಯ ಗಳಿಗೆಯವರೆಗೂ ಶ್ರಮಿಸಿ ರೇಡಿಯೋವನ್ನೂ ಶಾಸನದೊಳಗೆ ಸೇರಿಸಿದರು. ಹೀಗೆ 'ಸಾರ್ವಜನಿಕ ದೂರದರ್ಶನ' ಎಂದಿದ್ದ ಹೆಸರು 'ಸಾರ್ವಜನಿಕ ಪ್ರಸಾರ' ಎಂದಾಯಿತು.

೫

ಇನ್ನು ಸಂಘದ ಅವಸಾನವನ್ನು ವಿಚಾರಿಸಬೇಕಾಗಿದೆ. ಶಾಸನದ ತರುವಾಯ ಸಂಘದ ಒಂದೊಂದು ಕೆಲಸಕ್ಕೂ ಒಂದೊಂದು ಧನವಂತ ಸಂಸ್ಥೆ ಹುಟ್ಟಿತು. ೧೯೬೮ರಲ್ಲಿ ಸ್ಥಾಪಿತವಾದ ನಿಗಮವು ಹಣವನ್ನು ಹಂಚಿತು. ೧೯೬೯ರಲ್ಲಿ ಸ್ಥಾಪಿತವಾಗಿ ಮರುವರ್ಷ ಪ್ರಸಾರವನ್ನಾರಂಭಿಸಿದ ರಾಷ್ಟ್ರೀಯ ಸೇವೆಯು ನಿಲಯಗಳನ್ನು ಒಂದುಗೂಡಿಸಿತು. ೧೯೭೮ರಲ್ಲಿ ಉಪಗ್ರಹದ ಸಂಪರ್ಕವು ಬಂದು ಅಂಚೆಯ ಪೆಟ್ಟಿಗೆಗಳು ಅನಾವಶ್ಯಕವಾದುವು. ಹಳೆಯ ಸಹಕಾರಭಾವವು ಈ ಹೊಸ ವ್ಯವಸ್ಥೆಯಲ್ಲಿ ಕೆಲಕಾಲ ಉಳಿದಿತ್ತೆಂಬುದಕ್ಕೆ ೧೯೭೪ರ ಕಾರ್ಯಕ್ರಮ ಸಹಕಾರ ಯೋಜನೆಯೇ ಸಾಕ್ಷಿ. ಹಾರ್ಟ್‌ಫರ್ಡ್ ಗನ್ನರು ಕಲ್ಪಿಸಿದ ಆ ಯೋಜನೆಯಲ್ಲಿ ನಿಲಯಗಳು ತಮಗೆ ಬೇಕಾದ ಕಾರ್ಯಕ್ರಮಗಳನ್ನು ಹಲವು ಸುತ್ತುಗಳಲ್ಲಿ ಆರಿಸಿ ವೆಚ್ಚವನ್ನು ಹಂಚಿಕೊಳ್ಳುತ್ತಿದ್ದುವು. ಆರಿಸಿದವರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಡಮೆ. ೧೯೯೦ರ ಸುಮಾರಿಗೆ ಆ ನಿರ್ಣಯಾಧಿಕಾರವೂ ಕೇಂದ್ರದ ಕೈಸೇರಿತು.

ಸಂಘಕ್ಕೆ ಉಳಿದುದು ಮಾತುಕತೆಯೊಂದೇ. ವೃತ್ತಿಬಾಂಧವರು ಕಲೆತು ವಿಚಾರಮಾಡುವ ಆ ಕೆಲಸಕ್ಕೆ ಪ್ರತ್ಯೇಕವಾಗಿ ಹಣಕೊಡುವವರು ಯಾರೂ ಇರಲಿಲ್ಲ. ಐವತ್ತಾರು ವರ್ಷಗಳ ಕಾಲ ಬಾಳಿದ ಸಂಘವು ೧೯೮೧ರಲ್ಲಿ ಸಾಲದ ಭಾರದಿಂದ ಮುಚ್ಚಿಹೋಯಿತು. ಅದರ ಕೆಲಸವು ಮುಗಿದಿದ್ದುದರಿಂದ ಅದು ಮುಗಿಯಿತೆಂದು ಕೆಲವರು ಹೇಳಬಹುದು. ಈ ಅಭಿಪ್ರಾಯವು ಸಾಧುವೆಂದು ತೋರುವುದಿಲ್ಲ. ಸಂಘವು ೧೯೮೦ರಲ್ಲಿ ಪ್ರಾರಂಭಿಸಿದ 'ಕರೆಂಟ್' ಎಂಬ ವೃತ್ತಪತ್ರಿಕೆಯನ್ನು ಇತರರು ಕೈಗೆತ್ತಿಕೊಂಡು, ಜನಕಸಂಸ್ಥೆಯು ಅಳಿದ ಮೇಲೂ ನಡೆಯಿಸಿಕೊಂಡು ಬಂದರು. ಮುಗಿದ ಕೆಲಸವಾಗಿದ್ದರೆ ಅದಕ್ಕೆ ಓದುಗರು ಎಲ್ಲಿಂದ ಬರುತ್ತಿದ್ದರು? ಅಳಿದುದು ಮನೆ, ಮನೆಯ ಅಗತ್ಯವು ಅಳಿಯಲಿಲ್ಲ.

ಸಂಘದ ಸ್ಮಾರಕಗಳಿಗೂ ಇದೇ ಗತಿ ಒದಗಿತ್ತು. ಅದರ ಕಾಗದಪತ್ರಗಳು ವಿಸ್ಕಾನ್ಸಿನ್ನಿನ ಇತಿಹಾಸ ಪರಿಷತ್ತಿನಲ್ಲಿಯೂ, ಊರೂರು ಸುತ್ತಿದ ಟೇಪುಗಳು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿಯೂ ಬೇರೆಯಾಗಿ ಉಳಿದಿದ್ದುವು. ಮಾತು ಒಂದೆಡೆ, ಆ ಮಾತು ಹೇಗೆ ಹುಟ್ಟಿತೆಂಬ ವಿವರ ಇನ್ನೊಂದೆಡೆ. ೨೦೨೧ರಲ್ಲಿ ಆ ಎರಡು ವಿಶ್ವವಿದ್ಯಾಕೇಂದ್ರಗಳ ವಿದ್ವಾಂಸರು ಅವುಗಳನ್ನು ವಿದ್ಯುನ್ಮಾನ ಸಂಗ್ರಹದಲ್ಲಿ ಒಂದುಗೂಡಿಸಿ ಲೋಕಕ್ಕೆ ತೆರೆದಿಟ್ಟರು. ಈ ವಿಷಯದಲ್ಲಿ ಆಸಕ್ತರಾದವರಿಗೆ ಅದು ದೊಡ್ಡ ಉಪಕಾರ.

ಈ ಚರಿತ್ರೆಯ ಪ್ರಯೋಜನವೇನೆಂದು ವಾಚಕರು ಕೇಳಬಹುದು. ೨೦೨೫ರ ಜುಲೈ ತಿಂಗಳಲ್ಲಿ ಅಮೆರಿಕದ ಶಾಸನಸಭೆಯು, ಎರಡು ವರ್ಷಗಳಿಗೆಂದು ಮೊದಲೇ ಮಂಜೂರಾಗಿದ್ದ ಸುಮಾರು ೧೧೦ ಕೋಟಿ ಡಾಲರುಗಳನ್ನು ಸಾರ್ವಜನಿಕ ಪ್ರಸಾರ ನಿಗಮದಿಂದ ಹಿಂದಕ್ಕೆ ತೆಗೆದುಕೊಂಡಿತು. ನಿಗಮವು ಮರುತಿಂಗಳೇ ತನ್ನ ಕಾರ್ಯವನ್ನು ಮುಕ್ತಾಯಗೊಳಿಸುವುದಾಗಿ ಪ್ರಕಟಿಸಿತು. ಶಾಸನವು ಕೊಟ್ಟುದನ್ನು ಶಾಸನಸಭೆಯೇ ಕಸಿದುಕೊಳ್ಳಬಲ್ಲದೆಂಬುದು ಇದರಿಂದ ಸಿದ್ಧವಾಯಿತು. ನಿಲಯಗಳಾದರೋ ೧೯೨೫ರಲ್ಲಿ ತಮ್ಮ ಪೂರ್ವಿಕರು ಇದ್ದ ಸ್ಥಿತಿಗೆ ಕೆಲಮಟ್ಟಿಗೆ ಮರಳಿವೆ: ಕೇಂದ್ರದ ನಿಧಿಯಿಲ್ಲ, ನೆರೆಯವನ ನೆರವುಂಟು. ಆ ಪೂರ್ವಿಕರ ಕೈಯಲ್ಲಿ ಸುತ್ತೋಲೆ, ಸಭೆ, ಕೆಲವು ಟೇಪುಗಳು ಇವಿಷ್ಟೇ ಇದ್ದುವು. ಅವುಗಳಿಂದಲೇ ಅವರು ೨೪೨ ವಾಹಿನಿಗಳನ್ನು ಗಳಿಸಿದರು. ಅವರ ದಾಖಲೆಗಳನ್ನು ಈಗ ಓದುವವರು ಅವನ್ನು ಕಾರ್ಯವಿಧಾನದ ಕೈಪಿಡಿಯೆಂದೂ ಭಾವಿಸಿ ಓದಬಹುದು.